ಈಶಾನ್ಯ ಭಾರತದ ಮಹಿಳಾ ಶಾಂತಿ ಸಂಘಟನೆಗಳು

ಸಶಸ್ತ್ರ ಸಂಘರ್ಷಗಳ ನಡುವೆ ರಕ್ತಪಾತ ತಡೆಯಲು, ಸೇನಾ ದೌರ್ಜನ್ಯಗಳನ್ನು ಪ್ರಶ್ನಿಸಲು ಮತ್ತು ಬಂಡುಕೋರ ಬಣಗಳನ್ನು ಮಾತುಕತೆಗೆ ಒಪ್ಪಿಸಲು ಈಶಾನ್ಯ ಭಾರತದ ಮಹಿಳೆಯರು ಕಟ್ಟಿಕೊಂಡ ನಾಗರಿಕ ಸಂಘಟನೆಗಳು. ನಾಗಾಲ್ಯಾಂಡ್‌ನ ನಾಗಾ ಮದರ್ಸ್ ಅಸೋಸಿಯೇಷನ್ (ಎನ್‌ಎಂಎ) ಮತ್ತು ಮಣಿಪುರ ಕಣಿವೆಯ ಮೈತೇಯಿ ಮಹಿಳೆಯರ ಮೈರಾ ಪೈಬಿ ಇವುಗಳಲ್ಲಿ ಪ್ರಮುಖವಾದವು. ಶಾಂತಿ, ಮಾನವ ಹಕ್ಕು ಮತ್ತು ಲಿಂಗ ಸಮಾನತೆ ಒಂದೇ ದಾರಿಯ ಮೂರು ಮೈಲಿಗಲ್ಲುಗಳೆಂದು ಹೇಳುವುದು ವಾಡಿಕೆ. ಈ ಸಂಘಟನೆಗಳ ನಾಲ್ಕು ದಶಕಗಳ ಇತಿಹಾಸ ಅಷ್ಟು ಸರಳವಾಗಿಲ್ಲ. ತಾಯಂದಿರಾಗಿ ಬಂದೂಕಿನ ಎದುರು ನಿಂತಾಗ ಸಿಕ್ಕ ಮನ್ನಣೆ, ಪ್ರಜೆಗಳಾಗಿ ಅಧಿಕಾರದಲ್ಲಿ ಪಾಲು ಕೇಳಿದಾಗ ಈ ಮಹಿಳೆಯರಿಗೆ ಸಿಗಲಿಲ್ಲ. ಅವರ ಪ್ರಭಾವಕ್ಕೆ ಮೂಲ ಅವರ ಸಮುದಾಯವೇ ಆಗಿತ್ತು. ಆ ಪ್ರಭಾವದ ಮಿತಿಯನ್ನು ನಿರ್ಧರಿಸಿದ್ದೂ ಅದೇ ಸಮುದಾಯ.

ಹಿನ್ನೆಲೆ

ಈ ಸಂಘಟನೆಗಳ ಬೇರು ಆಧುನಿಕ ಸರ್ಕಾರೇತರ ಸಂಸ್ಥೆಗಳಿಗಿಂತ ಹಳೆಯದು. ನಾಗಾ ಬುಡಕಟ್ಟುಗಳ ನಡುವೆ ಹಳ್ಳಿಹಳ್ಳಿಗಳು ಕಾದಾಡುತ್ತಿದ್ದ ಕಾಲದಲ್ಲಿ, ತಂಗ್‌ಖುಲ್ ನಾಗಾ ಸಮಾಜದಲ್ಲಿ ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಪುಕ್ರೇಲಾ ಎಂಬ ವಿಶೇಷ ಸ್ಥಾನವಿತ್ತು. ತವರು ಮತ್ತು ಗಂಡನ ಮನೆ ಎರಡಕ್ಕೂ ಸೇರಿದವಳಾದ್ದರಿಂದ ಆಕೆ ಕಾಳಗದ ನಡುವೆ ಹೋಗಿ ನಿಂತರೆ ಯಾರೂ ಕೈ ಎತ್ತುವಂತಿರಲಿಲ್ಲ. ಆದರೆ ಕಾಳಗ ನಿಲ್ಲಿಸುವ ಈ ಅಧಿಕಾರದ ಜೊತೆಗೆ ಊರಿನ ಸಭೆಯಲ್ಲಿ ಕೂರುವ ಅಧಿಕಾರ ಬರುತ್ತಿರಲಿಲ್ಲ. ಹಿರೀಕರ ಭೂಮಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿರಲಿಲ್ಲ. ಗ್ರಾಮಸಭೆ ಗಂಡಸರದಾಗಿತ್ತು. ಮಣಿಪುರದ ಕಣಿವೆಯಲ್ಲಿ ಪರಿಸ್ಥಿತಿ ತುಸು ಬೇರೆ. ಇಂಫಾಲದ ಇಮಾ ಕೈಥೆಲ್ ಮಾರುಕಟ್ಟೆಯನ್ನು ಪೂರ್ತಿಯಾಗಿ ಹೆಂಗಸರೇ ನಡೆಸಿಕೊಂಡು ಬಂದಿದ್ದಾರೆ. ಈ ಆರ್ಥಿಕ ನೆಲೆ ಬೀದಿಗಿಳಿಯುವ ಧೈರ್ಯವನ್ನೂ ಕೊಟ್ಟಿತು. 1904ರಲ್ಲಿ, ಸುಟ್ಟುಹೋದ ಬ್ರಿಟಿಷ್ ಅಧಿಕಾರಿಯ ಬಂಗಲೆಯನ್ನು ಬಿಟ್ಟಿ ಚಾಕರಿಯಿಂದ ಕಟ್ಟಿಸುವ ಆದೇಶದ ವಿರುದ್ಧ ಮಹಿಳೆಯರು ದಂಗೆ ಎದ್ದರು. ಜನ ಅನ್ನಕ್ಕೆ ಪರದಾಡುತ್ತಿದ್ದಾಗಲೂ ಅಕ್ಕಿ ಹೊರಗೆ ಸಾಗುತ್ತಿದ್ದುದನ್ನು ವಿರೋಧಿಸಿ 1939ರ ಡಿಸೆಂಬರ್‌ನಲ್ಲಿ ಮತ್ತೆ ಬೀದಿಗಿಳಿದರು. ನೂಪಿ ಲಾನ್ ಎಂದು ಹೆಸರಾದ ಈ ಎರಡು ಹೋರಾಟಗಳೂ ಹೆಣ್ಣಿನ ಹಕ್ಕಿಗಾಗಿ ನಡೆದವಲ್ಲ, ಹೆಂಗಸರು ನಾಡಿಗಾಗಿ ನಡೆಸಿದವು. ಮುಂದಿನ ಸಂಘಟನೆಗಳ ಸ್ವರೂಪವನ್ನು ಅರಿಯಲು ಈ ವ್ಯತ್ಯಾಸ ಮುಖ್ಯ.

ನಾಗಾ ಮದರ್ಸ್ ಅಸೋಸಿಯೇಷನ್

ಎನ್‌ಎಂಎ 1984ರ ಫೆಬ್ರುವರಿಯಲ್ಲಿ ಕೊಹಿಮಾದಲ್ಲಿ ಆರಂಭವಾಯಿತು. ಬೇರೆ ಬೇರೆ ನಾಗಾ ಬುಡಕಟ್ಟುಗಳ ಮಹಿಳೆಯರನ್ನು ಒಂದೇ ಸಂಘಟನೆಯಡಿ ತಂದದ್ದು ಅದರ ಮೊದಲ ಸಾಧನೆ. ಆರಂಭದ ವರ್ಷಗಳಲ್ಲಿ ಅದು ಕೈಗೆತ್ತಿಕೊಂಡದ್ದು ಯುವಕರನ್ನು ನುಂಗುತ್ತಿದ್ದ ಕುಡಿತ ಮತ್ತು ಮಾದಕ ವ್ಯಸನದ ಸಮಸ್ಯೆಯನ್ನು. 1990ರ ದಶಕದಲ್ಲಿ ಭಾರತೀಯ ಸೇನೆ ಮತ್ತು ಬಂಡುಕೋರರ ನಡುವಿನ ಕಾಳಗದ ಜೊತೆಗೆ, ನಾಗಾ ಬಣಗಳು ಪರಸ್ಪರ ಕೊಲ್ಲುವುದೂ ಹೆಚ್ಚಿತು. ಆಗ 1994ರಲ್ಲಿ ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನವನ್ನು ಸಂಘಟನೆ ಶುರುಮಾಡಿತು. ಯಾವ ಬಣದವರದೇ ಆಗಲಿ, ಯಾರೂ ಬಂದು ಕೇಳದ ಶವಗಳಿಗೆ ಸಾಂಪ್ರದಾಯಿಕ ಶಾಲು ಹೊದಿಸಿ ಪ್ರಾರ್ಥಿಸುವುದು ಈ ಅಭಿಯಾನದ ಭಾಗವಾಗಿತ್ತು. ಸದಸ್ಯೆಯರು ಅಡಗುತಾಣಗಳವರೆಗೂ ನಡೆದು ಹೋಗಿ ವಿರೋಧಿ ಬಣಗಳ ನಾಯಕರ ಜೊತೆ ಮಾತಾಡಿದರು. 1997ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ನಾಗಾ ಬಂಡುಕೋರ ಸಂಘಟನೆಯಾದ ಎನ್‌ಎಸ್‌ಸಿಎನ್ (ಐ-ಎಂ) ನಡುವೆ ಜಾರಿಗೆ ಬಂದ ಕದನ ವಿರಾಮಕ್ಕೆ ನೆಲ ಹದಮಾಡಿದವರಲ್ಲಿ ಈ ಮಹಿಳೆಯರೂ ಇದ್ದರು. ಸಂಘಟನೆಯ ಹಿರಿಯ ನಾಯಕಿ ನೈದೊನುವೊ ಅಂಗಾಮಿ ಅವರಿಗೆ 2000ದಲ್ಲಿ ಪದ್ಮಶ್ರೀ ಸಂದಿತು. ಪೊಲೀಸರಿಗಾಗಲಿ ರಾಜಕಾರಣಿಗಳಿಗಾಗಲಿ ಹೋಗಲಾಗದ ಜಾಗಕ್ಕೆ ಇವರು ಹೋಗಲು ಸಾಧ್ಯವಾದದ್ದು ಅವರಿಗೆ ಅಧಿಕಾರದ ಆಸೆಯಿಲ್ಲ ಎಂಬ ಎಲ್ಲರ ನಂಬಿಕೆಯಿಂದ. ಮುಂದೆ ಪರೀಕ್ಷೆಗೆ ಒಳಗಾದದ್ದು ಇದೇ ನಂಬಿಕೆ. 2015ರ ಆಗಸ್ಟ್ 3ರಂದು ದೆಹಲಿಯಲ್ಲಿ ಇದೇ ಎರಡು ಪಕ್ಷಗಳ ನಡುವಿನ ನಾಗಾ ಚೌಕಟ್ಟು ಒಪ್ಪಂದಕ್ಕೆ ಸಹಿ ಬಿದ್ದಾಗ, ಸಹಿ ಹಾಕಿದವರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ.

ಮೀಸಲಾತಿ ವಿವಾದ

ಸಂವಿಧಾನದ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನಗಳನ್ನು ಕಡ್ಡಾಯ ಮಾಡಿದೆ. ನಾಗಾಲ್ಯಾಂಡ್ 2006ರಲ್ಲಿ ತನ್ನ ಪುರಸಭಾ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಒಪ್ಪಿಕೊಂಡಿತಾದರೂ, ಬುಡಕಟ್ಟು ಸಂಸ್ಥೆಗಳ ವಿರೋಧದಿಂದ ಚುನಾವಣೆಯನ್ನೇ ನಡೆಸಲಿಲ್ಲ. 2004ರ ಚುನಾವಣೆಯಲ್ಲಿ ಆಯ್ಕೆಯಾದವರ ಅವಧಿ ಮುಗಿದ ಮೇಲೆ ರಾಜ್ಯದ ಪಟ್ಟಣಗಳಿಗೆ ಚುನಾಯಿತ ಆಡಳಿತವೇ ಇಲ್ಲದಂತಾಯಿತು. ಎನ್‌ಎಂಎಯ ಮುಂದಾಳುಗಳು ಗುವಾಹಟಿ ಹೈಕೋರ್ಟ್ ಮೆಟ್ಟಿಲೇರಿದರು. 2011ರಲ್ಲಿ ಏಕಸದಸ್ಯ ಪೀಠ ಅವರ ಪರ ತೀರ್ಪು ನೀಡಿತು. ವಿಭಾಗೀಯ ಪೀಠದಲ್ಲಿ ಅದು ನಿಲ್ಲಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ, ಈ ಮೀಸಲಾತಿ ರಾಜ್ಯಕ್ಕೆ ಅನ್ವಯಿಸದು ಎಂಬ ನಿರ್ಣಯ ಅಂಗೀಕರಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಆದೇಶಕ್ಕೆ ತಡೆ ನೀಡಿದ ಮೇಲೆ ಸರ್ಕಾರ 2017ರ ಫೆಬ್ರುವರಿ 1ಕ್ಕೆ ಚುನಾವಣೆ ಘೋಷಿಸಿತು. ಕಣಕ್ಕಿಳಿದ ಮಹಿಳೆಯರ ಮೇಲೆ ನಾಮಪತ್ರ ಹಿಂಪಡೆಯುವಂತೆ ಒತ್ತಡ ಬಿತ್ತು. ಕೆಲವರಿಗೆ ಬಹಿಷ್ಕಾರ ಹಾಕಲಾಯಿತು. ದಿಮಾಪುರದಲ್ಲಿ ಗುಂಡಿಗೆ ಇಬ್ಬರು ಯುವಕರು ಬಲಿಯಾದರು, ಕೊಹಿಮಾದ ಪುರಸಭಾ ಕಚೇರಿಗೆ ಬೆಂಕಿ ಬಿತ್ತು, ಚುನಾವಣೆ ರದ್ದಾಯಿತು. ಮುಖ್ಯಮಂತ್ರಿ ಟಿ.ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ಕೆಲವು ಬುಡಕಟ್ಟುಗಳ ಮಹಿಳಾ ಸಂಘಗಳು ಎನ್‌ಎಂಎಯಿಂದ ದೂರ ಸರಿದವು. ಬಣಗಳ ನಡುವೆ ರಾಜಿ ಮಾಡಿಸುವಾಗ ತಾಯಿ ಎನಿಸಿಕೊಂಡಿದ್ದವರೇ ಪಟ್ಟಣದ ಆಡಳಿತದಲ್ಲಿ ಪಾಲು ಕೇಳಿದ ಕೂಡಲೇ ಸಂಪ್ರದಾಯದ ವೈರಿಗಳಾದರು.

ನ್ಯಾಯಾಲಯದ ಹಾದಿಯನ್ನು ಮಾನವ ಹಕ್ಕು ಸಂಘಟನೆಯಾದ ಪಿಯುಸಿಎಲ್ ಮುಂದುವರಿಸಿತು. 2023ರ ಮಾರ್ಚ್‌ನಲ್ಲಿ ಚುನಾವಣೆ ತಪ್ಪಿಸಲು ವಿಧಾನಸಭೆ ಪುರಸಭಾ ಕಾಯ್ದೆಯನ್ನೇ ರದ್ದುಪಡಿಸಿತು. ಅದರ ಬೆನ್ನಲ್ಲೇ, ನಿಗದಿಯಾಗಿದ್ದ ಚುನಾವಣೆಯನ್ನು ರದ್ದುಮಾಡಿದ ಕ್ರಮಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಮೂರನೇ ಒಂದು ಭಾಗ ಮೀಸಲಾತಿಯನ್ನು ಉಳಿಸಿಕೊಂಡ ಹೊಸ ಕಾಯ್ದೆ ಬಂತು. 2024ರ ಜೂನ್ 26ರಂದು, ಇಪ್ಪತ್ತು ವರ್ಷಗಳ ನಂತರ, ಚುನಾವಣೆ ನಡೆಯಿತು. ಪ್ರತ್ಯೇಕ ಆಡಳಿತಕ್ಕೆ ಒತ್ತಾಯಿಸುತ್ತಿದ್ದ ಪೂರ್ವದ ಜಿಲ್ಲೆಗಳು ಅದರಿಂದ ಹೊರಗುಳಿದವು. ಈ ನಡುವೆ, 1963ರಲ್ಲಿ ಸ್ಥಾಪನೆಯಾದ ರಾಜ್ಯದ ವಿಧಾನಸಭೆಗೆ ಮೊತ್ತಮೊದಲ ಬಾರಿಗೆ ಮಹಿಳೆಯರು ಆಯ್ಕೆಯಾದದ್ದು 2023ರ ಚುನಾವಣೆಯಲ್ಲಿ: ಹೆಕಾನಿ ಜಖಾಲು ಮತ್ತು ಸಲ್ಹೌತುವೊನುವೊ ಕ್ರೂಸೆ.

ಮೈರಾ ಪೈಬಿ

ಪಂಜು ಹಿಡಿದ ಮಹಿಳೆಯರ ಈ ಗುಂಪುಗಳು 1970ರ ದಶಕದಲ್ಲಿ ಕುಡಿತದ ವಿರುದ್ಧ ನಡೆಯುತ್ತಿದ್ದ ರಾತ್ರಿ ಗಸ್ತಿನಿಂದ ಬೆಳೆದವು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ (ಆಫ್‌ಸ್ಪಾ) 1980ರಲ್ಲಿ ಇಡೀ ಮಣಿಪುರಕ್ಕೆ ವಿಸ್ತರಣೆಯಾದ ಮೇಲೆ ಅವುಗಳ ಗಮನ ಕುಡುಕರಿಂದ ಯೋಧರ ಕಡೆಗೆ ತಿರುಗಿತು. ಪ್ರತಿ ಕೇರಿಯಲ್ಲೂ ಮದುವೆಯಾದ ಹೆಂಗಸರು ಸರದಿಯಂತೆ ಕಾವಲು ಕೂತು, ಪಡೆಗಳು ಹುಡುಗರನ್ನು ಎಳೆದೊಯ್ಯಲು ಬಂದರೆ ವಿದ್ಯುತ್ ಕಂಬ ಬಡಿದು ಊರನ್ನು ಎಬ್ಬಿಸುತ್ತಿದ್ದರು. 2004ರ ಜುಲೈನಲ್ಲಿ ಅಸ್ಸಾಂ ರೈಫಲ್ಸ್ ವಶದಲ್ಲಿದ್ದ ತಂಗ್‌ಜಾಮ್ ಮನೋರಮಾ ಹತ್ಯೆಯಾದಾಗ, 12 ಮಂದಿ ಮಹಿಳೆಯರು ಆ ಪಡೆ ನೆಲೆಸಿದ್ದ ಕಾಂಗ್ಲಾ ಕೋಟೆಯ ಎದುರು ಬೆತ್ತಲಾಗಿ ಪ್ರತಿಭಟಿಸಿದರು. ಮುಂದಿನ ತಿಂಗಳು ಇಂಫಾಲ ಪುರಸಭಾ ವ್ಯಾಪ್ತಿಯಿಂದ ಆಫ್‌ಸ್ಪಾ ತೆರವಾಯಿತು, ನವೆಂಬರ್‌ನಲ್ಲಿ ಕೋಟೆ ರಾಜ್ಯಕ್ಕೆ ಮರಳಿತು. ಕಾಯ್ದೆಯನ್ನು ಪರಿಶೀಲಿಸಲು ನೇಮಕವಾದ ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿ 2005ರಲ್ಲಿ ಅದನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತು. ಆ ಶಿಫಾರಸು ಜಾರಿಯಾಗಲಿಲ್ಲ.

ಗೌರವ ಎಷ್ಟು ಷರತ್ತಿನದು ಎಂಬುದಕ್ಕೆ ಇರೋಮ್ ಶರ್ಮಿಳಾ ಅವರ ಬದುಕು ಇನ್ನೊಂದು ಸಾಕ್ಷಿ. ಮಾಲೋಮ್‌ನಲ್ಲಿ ಹತ್ತು ನಾಗರಿಕರ ಹತ್ಯೆಯ ನಂತರ ಆಫ್‌ಸ್ಪಾ ರದ್ದತಿಗೆ ಒತ್ತಾಯಿಸಿ 2000ದ ನವೆಂಬರ್‌ನಲ್ಲಿ ಉಪವಾಸ ಆರಂಭಿಸಿದ ಅವರು ಹದಿನಾರು ವರ್ಷ ರಾಜ್ಯದ ಆತ್ಮಸಾಕ್ಷಿಯೆನಿಸಿದ್ದರು, ಮೈರಾ ಪೈಬಿಗಳ ಬೆಂಬಲ ಅವರಿಗಿತ್ತು. 2016ರ ಆಗಸ್ಟ್‌ನಲ್ಲಿ ಉಪವಾಸ ಬಿಟ್ಟು ಚುನಾವಣೆಗೆ ನಿಲ್ಲುತ್ತೇನೆ, ಮದುವೆಯಾಗುತ್ತೇನೆ ಎಂದಾಗ ಉಳಿದುಕೊಳ್ಳಲು ಜಾಗ ಸಿಗುವುದೂ ಕಷ್ಟವಾಯಿತು. 2017ರ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು 90 ಮತ. ಇದಕ್ಕೆ ಹೋಲಿಸಿದರೆ, ಗುಂಡಿಗೆ ಬಲಿಯಾದವರ ವಿಧವೆಯರು ಮತ್ತು ತಾಯಂದಿರು ಮುಂದೆ ನಿಂತು ಕಟ್ಟಿದ, ಕಾನೂನುಬಾಹಿರ ಹತ್ಯೆಗಳ ಸಂತ್ರಸ್ತ ಕುಟುಂಬಗಳ ಸಂಘ ಬೇರೆ ದಾರಿ ಹಿಡಿಯಿತು. 1,528 ಸಾವುಗಳ ಪಟ್ಟಿಯೊಡನೆ ಅದು 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2016ರ ಜುಲೈನಲ್ಲಿ ನ್ಯಾಯಾಲಯ, ವಿಶೇಷಾಧಿಕಾರ ಇರುವ ಪ್ರದೇಶದಲ್ಲೂ ಪಡೆಗಳಿಗೆ ಸಂಪೂರ್ಣ ವಿನಾಯಿತಿ ಇಲ್ಲವೆಂದು ಹೇಳಿತು. ಮರುವರ್ಷ ಸಿಬಿಐ ತನಿಖೆಗೆ ಆದೇಶಿಸಿತು. ಇಲ್ಲಿ ಕೆಲಸ ಮಾಡಿದ್ದು ತಾಯ್ತನದ ಮೇಲಿನ ಗೌರವಕ್ಕಿಂತ ಹೆಚ್ಚಾಗಿ ದಾಖಲೆ, ದಿನಾಂಕ ಮತ್ತು ಪ್ರಜೆಯ ಜೀವಿಸುವ ಹಕ್ಕು.

ಆಕ್ಷೇಪಗಳು

ಈ ವಿಶ್ಲೇಷಣೆಗೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು, ತಾಯಿ ಎಂಬ ಗುರುತನ್ನು ಹಿಂದುಳಿದದ್ದೆಂದು ಕಾಣುವುದು ಹೊರಗಿನವರ ದೃಷ್ಟಿ, ಆ ಮಹಿಳೆಯರು ಕೈಗೆ ಸಿಕ್ಕ ಆಯುಧವನ್ನು ಜಾಣತನದಿಂದ ಬಳಸಿದರು ಎಂಬುದು. ಇದರಲ್ಲಿ ಹುರುಳಿದೆ. ಆ ಗುರುತಿಲ್ಲದೆ ಅಡಗುತಾಣಗಳ ಬಾಗಿಲು ತೆರೆಯುತ್ತಿರಲಿಲ್ಲ. ಹಲವು ಬುಡಕಟ್ಟುಗಳನ್ನು ಒಂದುಗೂಡಿಸಿದ ಸಂಘಟನೆ ಇಲ್ಲದಿದ್ದರೆ ಮೀಸಲಾತಿಯ ಮೊಕದ್ದಮೆ ಹೂಡುವ ಬಲವೂ ಬರುತ್ತಿರಲಿಲ್ಲ. ಆದರೆ ಆ ಗುರುತು ಎಲ್ಲಿಯವರೆಗೆ ಕೊಂಡೊಯ್ಯಿತು ಎಂಬುದು ಬೇರೆ ಪ್ರಶ್ನೆ. 2017ರ ಘಟನೆಗಳು ಅದಕ್ಕೆ ಉತ್ತರ ಕೊಟ್ಟಿವೆ.

ಎರಡನೆಯದು ಸ್ವಾಯತ್ತತೆಯ ವಾದ. ಸಂವಿಧಾನದ 371ಎ ವಿಧಿ ನಾಗಾಗಳ ಧಾರ್ಮಿಕ, ಸಾಮಾಜಿಕ ಪದ್ಧತಿ ಮತ್ತು ರೂಢಿಗತ ಕಾನೂನಿಗೆ ರಕ್ಷಣೆ ಕೊಟ್ಟಿದೆ, ಮೀಸಲಾತಿ ಅದರ ಮೇಲಿನ ಆಕ್ರಮಣ ಎಂದು ಬುಡಕಟ್ಟು ಸಂಸ್ಥೆಗಳು ವಾದಿಸಿದವು. ದೀರ್ಘಕಾಲ ಸೇನಾ ಕಾರ್ಯಾಚರಣೆಗಳ ಬಿಸಿ ಉಂಡ ಸಮಾಜಕ್ಕೆ ದೆಹಲಿಯ ಕಾನೂನಿನ ಬಗ್ಗೆ ಅನುಮಾನ ಇರುವುದು ಸಹಜ, ಆ ಅನುಮಾನವನ್ನು ಲಘುವಾಗಿ ಕಾಣಬಾರದು. ಆದರೂ ವಾದ ನಿಲ್ಲುವುದಿಲ್ಲ. ಪುರಸಭೆ ನಾಗಾ ಸಂಪ್ರದಾಯದ ಸಂಸ್ಥೆಯಲ್ಲ, ಶಾಸನದಿಂದ ಹುಟ್ಟಿದ್ದು. ಪಂಚಾಯಿತಿಗಳ ಭಾಗದಿಂದ ನಾಗಾಲ್ಯಾಂಡನ್ನು 243ಎಂ ವಿಧಿ ಹೆಸರಿಟ್ಟು ಹೊರಗಿಟ್ಟಿದೆ, ಪುರಸಭೆಗಳ ಭಾಗದಲ್ಲಿ ಅಂಥ ವಿನಾಯಿತಿ ಇಲ್ಲ. ರಾಜ್ಯದ ಗ್ರಾಮ ಅಭಿವೃದ್ಧಿ ಮಂಡಳಿಗಳಲ್ಲಿ ಮಹಿಳೆಯರಿಗೆ ನಾಲ್ಕನೇ ಒಂದು ಭಾಗ ಸ್ಥಾನ ಮೊದಲಿನಿಂದಲೂ ಇದ್ದು, ಅದರಿಂದ ಸಂಪ್ರದಾಯ ಮುರಿದುಬಿದ್ದಿಲ್ಲ. ಮಹಿಳೆಯರನ್ನು ನಾಮನಿರ್ದೇಶನ ಮಾಡೋಣ, ಚುನಾವಣೆ ಬೇಡ ಎಂಬ ಸಲಹೆಯೂ ವಿರೋಧಿಗಳಿಂದಲೇ ಬಂದಿತ್ತು. ಹಾಗಿದ್ದ ಮೇಲೆ ಅಡ್ಡಿ ಇದ್ದದ್ದು ಮಹಿಳೆ ಸಭೆಯಲ್ಲಿ ಕೂರುವುದಕ್ಕಲ್ಲ, ಯಾರ ಕೃಪೆಯೂ ಇಲ್ಲದೆ ಕೂರುವುದಕ್ಕೆ. ಕರ್ನಾಟಕವು 1983ರ ಕಾಯ್ದೆಯಲ್ಲೇ, ಸಂವಿಧಾನ ತಿದ್ದುಪಡಿಗೂ ಮೊದಲು, ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಶೇ 25ರಷ್ಟು ಮಹಿಳಾ ಮೀಸಲಾತಿ ತಂದಿತ್ತು. ಇಲ್ಲಿನ ಹಳ್ಳಿಗಳಲ್ಲೂ ಊರ ಪಂಚಾಯಿತಿ ಕಟ್ಟೆ ಗಂಡಸರದೇ ಆಗಿತ್ತೆಂಬುದನ್ನು ನೆನೆದರೆ, ರೂಢಿಯನ್ನು ಶಾಸನ ಬದಲಿಸುವುದು ನಾಗಾ ನಾಡಿಗೆ ಮಾತ್ರ ಬಂದ ಕಷ್ಟವಲ್ಲ ಎಂದು ತಿಳಿಯುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರ. 2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸಾಚಾರ ಭುಗಿಲೆದ್ದು 200ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಮಂದಿ ನೆಲೆ ಕಳೆದುಕೊಂಡರು. ಮೈರಾ ಪೈಬಿಗಳು ಕಣಿವೆಯಲ್ಲಿ ಪಡೆಗಳ ಸಂಚಾರ ತಡೆದರು. ಜೂನ್‌ನಲ್ಲಿ ಇಥಾಮ್ ಗ್ರಾಮದಲ್ಲಿ ಮಹಿಳೆಯರ ಮುಂದಾಳತ್ವದ ಗುಂಪು ಸುತ್ತುವರಿದಾಗ ಸೇನೆ ಸೆರೆಹಿಡಿದಿದ್ದ 12 ಬಂಡುಕೋರರನ್ನು ಬಿಡಬೇಕಾಯಿತು. ಕುಕಿ-ಜೋ ಮಹಿಳಾ ಸಂಘಟನೆಗಳೂ ತಮ್ಮ ಪ್ರದೇಶದಲ್ಲಿ ರಸ್ತೆ ತಡೆ ನಡೆಸಿದವು. ಹೀಗಿರುವಾಗ ಇವು ಶಾಂತಿ ಸಂಘಟನೆಗಳೇ ಎಂದು ಕೇಳುವವರಿದ್ದಾರೆ. ಕೇರಿಯ ಮಕ್ಕಳನ್ನು ಕಾಯಲು ಹುಟ್ಟಿದ ಸಂಘಟನೆ ಎದುರಾಳಿ ಸರ್ಕಾರವಾಗಿದ್ದಾಗ ಮಾನವ ಹಕ್ಕಿನ ಕಾವಲುಗಾರನಾಗಿ ಕಂಡಿತು. ಎದುರಾಳಿ ನೆರೆಯ ಸಮುದಾಯವಾದಾಗ ಅದೇ ಕಾವಲು ಪಕ್ಷಪಾತವಾಯಿತು. ಅದರ ಸ್ವಭಾವ ಬದಲಾಗಲಿಲ್ಲ, ಸನ್ನಿವೇಶ ಬದಲಾಯಿತು. ಕುಕಿ-ಜೋ ಮಹಿಳೆಯರನ್ನು ಬೆತ್ತಲೆ ಮೆರವಣಿಗೆ ಮಾಡಿದ ದೃಶ್ಯ ಜುಲೈನಲ್ಲಿ ಹೊರಬಂದಾಗ, ಆರೋಪಿಯೊಬ್ಬನ ಮನೆಗೆ ಬೆಂಕಿ ಹಚ್ಚಿದವರೂ ಮೈತೇಯಿ ಮಹಿಳೆಯರೇ. ಹೆಣ್ಣಿನ ಮೇಲಿನ ದೌರ್ಜನ್ಯಕ್ಕೆ ಅವರು ಸಿಡಿದೆದ್ದರು. ಆ ಸಿಟ್ಟು ಎರಡೂ ಕಡೆಯ ಮಹಿಳೆಯರನ್ನು ಒಂದೇ ವೇದಿಕೆಗೆ ತರುವ ಶಾಂತಿಯಾಗಿ ಮಾಗಲಿಲ್ಲ. ಈ ಆಕ್ಷೇಪ ಸಂಘಟನೆಗಳ ಕೆಲಸವನ್ನು ಅಳಿಸಿಹಾಕುವುದಿಲ್ಲ. ಸಮುದಾಯದ ರಕ್ಷಣೆ ಮತ್ತು ಸಮುದಾಯಗಳ ನಡುವಣ ಶಾಂತಿ ಎರಡು ಬೇರೆ ಬೇರೆ ಕೆಲಸಗಳೆಂದು ತೋರಿಸುತ್ತದೆ.

ಮೌಲ್ಯಮಾಪನ

ಹೋಲಿಕೆಗೆ ಉತ್ತರ ಐರ್ಲೆಂಡ್ ಒಳ್ಳೆಯ ಉದಾಹರಣೆ. ಅಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಮಹಿಳೆಯರು ಒಟ್ಟಾಗಿ 1996ರಲ್ಲಿ ವಿಮೆನ್ಸ್ ಕೊಅಲಿಷನ್ ಎಂಬ ಪಕ್ಷವನ್ನೇ ಕಟ್ಟಿ ಚುನಾವಣೆಗೆ ನಿಂತರು. ಪಡೆದ ಮತ ಶೇ 1ರಷ್ಟು. ಆದರೂ ಮಾತುಕತೆಯಲ್ಲಿ ಎರಡು ಸ್ಥಾನ ಸಿಕ್ಕಿತು. 1998ರ ಶಾಂತಿ ಒಪ್ಪಂದದಲ್ಲಿ ಮಹಿಳೆಯರ ಪೂರ್ಣ ಮತ್ತು ಸಮಾನ ರಾಜಕೀಯ ಭಾಗವಹಿಸುವಿಕೆಯ ಹಕ್ಕು ಬರಹಕ್ಕಿಳಿಯಿತು. ಎನ್‌ಎಂಎಗೆ ಇದಕ್ಕಿಂತ ವಿಶಾಲವಾದ ಜನಬೆಂಬಲವಿತ್ತು, ಸಹಿಯ ಮೇಜಿನಲ್ಲಿ ಜಾಗವಿರಲಿಲ್ಲ. ಗೌರವದಿಂದ ಬಂದ ಪ್ರಭಾವ ಮತ್ತು ನಿಯಮದಿಂದ ಬಂದ ಸ್ಥಾನ, ಇವೆರಡರ ನಡುವಿನ ಅಂತರ ಅಷ್ಟು. ಹಾಗಾಗಿ ಇಂಥ ಸಂಘಟನೆಗಳನ್ನು ಅಳೆಯುವಾಗ ಎಷ್ಟು ಬಂದೂಕುಗಳನ್ನು ತಡೆದರು ಎಂಬುದರ ಜೊತೆಗೆ, ಬಂದೂಕು ಸುಮ್ಮನಾದ ಮೇಲೆ ನಿರ್ಧಾರದ ಜಾಗದಲ್ಲಿ ಅವರಿಗೆ ಯಾವ ಹಕ್ಕು ಉಳಿಯಿತು ಎಂದೂ ಕೇಳಬೇಕಾಗುತ್ತದೆ. ನಾಗಾಲ್ಯಾಂಡ್‌ನ 2023ರ ಕಾಯ್ದೆಯಲ್ಲಿ ಈ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರವಷ್ಟೇ ಇದೆ: ಸದಸ್ಯ ಸ್ಥಾನಗಳಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಕೊಟ್ಟು, ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಅದು ಕೈಬಿಟ್ಟಿದೆ.