ಕಾರಿನ ಅಡಿಮೈಯ ಕಪ್ಪು ಪದರ: ಮೂಲಪಾಠದ ಹುಡುಕಾಟ

1970ರ ಡಾಜ್ ಚಾಲೆಂಜರ್ ಕಾರಿನ ಬಾನೆಟ್ ಎತ್ತಿದರೆ ಒಳಗಿನ ಎಡಮಗ್ಗುಲಿನಲ್ಲಿ ತಿರುಪು ಹಾಕಿ ಕೂರಿಸಿದ ಒಂದು ತಗಡಿನ ಬಿಲ್ಲೆ ಕಾಣುತ್ತದೆ. ಅದರ ಮೇಲೆ ಸಾಲುಸಾಲಾಗಿ ಒತ್ತಿದ ಅಕ್ಷರಗಳು, ಅಂಕಿಗಳು: ಎಂಜಿನ್ ಯಾವುದು, ಬಣ್ಣ ಯಾವುದು, ಸೀಟಿನ ಹೊದಿಕೆ ಯಾವುದು. ಆ ಸಾಲುಗಳಲ್ಲಿ ‘ಜೆ55’ ಎಂದಿದ್ದರೆ, ಅಡಿಭಾಗಕ್ಕೆ ಕಪ್ಪು ಲೇಪವನ್ನೂ ಬಾನೆಟ್ಟಿನ ಒಳಮೈಗೆ ಸದ್ದು ಹೀರುವ ಮೆತ್ತೆಯನ್ನೂ ಕೊಂಡವರು ಬೇಕೆಂದು ಹೇಳಿ ಹಾಕಿಸಿಕೊಂಡಿದ್ದರು ಎಂದು ಅರ್ಥ. ತಾಮ್ರಪಟಕ್ಕೆ ಚರಿತ್ರೆಕಾರರು ಕೊಡುವ ಬೆಲೆಯನ್ನೇ ಡಾಜ್‌ನಂಥ ಹಳೆಯ ಕ್ರೈಸ್ಲರ್ ಕಾರುಗಳ ಅಧ್ಯಯನದಲ್ಲಿ ಈ ಬಿಲ್ಲೆಗೆ ಕೊಡಬೇಕು. ಇದರ ಜೊತೆಗೆ ಸೀಟಿನ ಸ್ಪ್ರಿಂಗುಗಳ ನಡುವೆಯೋ ಕಾರ್ಪೆಟ್ಟಿನ ಕೆಳಗೋ ಕಾರ್ಖಾನೆಯವರು ಬಿಟ್ಟುಹೋದ ಕಾಗದದ ಹಾಳೆಯೂ ಸಿಕ್ಕಿದರೆ, ಒಂದು ಹೇಳಿದ್ದನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು.

ಈ ಲೇಪದ ಅಗತ್ಯ ಹುಟ್ಟಿದ್ದು ಕಾರಿನ ಮೈಕಟ್ಟು ಬದಲಾದಾಗ. ಮೊದಲು ಭಾರವೆಲ್ಲ ದಪ್ಪ ಷಾಸಿಯ ಮೇಲಿರುತ್ತಿತ್ತು, ಬಾಡಿಯನ್ನು ಅದರ ಮೇಲೆ ಬೋಲ್ಟ್ ಹಾಕಿ ಕೂರಿಸುತ್ತಿದ್ದರು. 1922ರ ಲ್ಯಾಂಚಿಯಾ ಲಾಂಬ್ಡಾ, 1934ರ ಸಿಟ್ರೊಯೆನ್ ಟ್ರಾಕ್ಷನ್ ಅವಾಂಟ್ ಆ ಕ್ರಮವನ್ನು ಮುರಿದವು. ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆಯೇ ಬಾಡಿಯೂ ಆಯಿತು, ಬೆನ್ನೆಲುಬೂ ಆಯಿತು. ಕ್ರೈಸ್ಲರ್ 1960ರಲ್ಲಿ ತನ್ನ ಬಹುಪಾಲು ಕಾರುಗಳನ್ನು ಈ ಕಟ್ಟಿಗೆ ಬದಲಾಯಿಸಿತು. ಕಾರು ಹಗುರವಾಯಿತು, ಬಿಗಿಯೂ ಆಯಿತು. ಆದರೆ ಅಗಲವಾದ ತೆಳುತಗಡು ತಮಟೆಯಂತೆ ನುಡಿಯುತ್ತದೆ. ಎಂಜಿನ್ನಿನ ಅದುರು, ಚಕ್ರ ಎರಚುವ ಕಲ್ಲು, ರಸ್ತೆಯ ಗರಗರ ಎಲ್ಲವೂ ನೇರವಾಗಿ ಒಳಗೆ ಕೂತವರ ಕಿವಿಗೆ. ತುಕ್ಕಿನ ಅಪಾಯವೂ ಹೆಚ್ಚಿತು, ಏಕೆಂದರೆ ಈಗ ತಗಡು ತಿಂದುಹೋದರೆ ಬೆನ್ನೆಲುಬೇ ತಿಂದುಹೋದಂತೆ.

ಸದ್ದಡಗಿಸುವ ಕೆಲಸಕ್ಕೆ ಶಾಸ್ತ್ರೀಯ ಬುನಾದಿ ಹಾಕಿದವರು ಜರ್ಮನಿಯ ಭೌತವಿಜ್ಞಾನಿ ಹೆರ್ಮನ್ ಒಬರ್ಸ್ಟ್. ತೆಳುತಗಡಿಗೆ ಗಟ್ಟಿಯಾಗಿ ಅಂಟಿದ ಪದರ ಅದರ ಅದುರನ್ನು ಹೇಗೆ ತಣಿಸುತ್ತದೆ ಎಂಬುದನ್ನು ಅವರು 1952ರ ಪ್ರಬಂಧದಲ್ಲಿ ಲೆಕ್ಕ ಸಮೇತ ತೋರಿಸಿದರು. ತಗಡು ಬಾಗಿದಾಗ ಅಂಟಿದ ಪದರ ಎಳೆದುಕೊಳ್ಳುತ್ತದೆ, ಕುಗ್ಗುತ್ತದೆ. ಆ ಎಳೆದಾಟದಲ್ಲಿ ಅದುರಿನ ಶಕ್ತಿ ಶಾಖವಾಗಿ ಕರಗುತ್ತದೆ. ತೆಳುಲೇಪದ ದಪ್ಪವನ್ನು ಎರಡು ಪಟ್ಟು ಮಾಡಿದರೆ ತಣಿಸುವ ಗುಣ ಸುಮಾರು ನಾಲ್ಕು ಪಟ್ಟಾಗುತ್ತದೆ. ಇಂಥ ಲೇಪಗಳನ್ನು ಪರೀಕ್ಷಿಸುವ ಲೋಹದ ಪಟ್ಟಿಗೆ ಇಂದಿಗೂ ಅವರದೇ ಹೆಸರು. ಡಾಂಬರಿನ ಹಾಳೆ ಹಾಸಿದ ನೆಲವನ್ನು ಬೆರಳಿನಿಂದ ತಟ್ಟಿದರೆ ‘ಟಣ್’ ಎನ್ನದೆ ‘ಧಪ್’ ಎನ್ನುವುದರ ಗುಟ್ಟು ಇಷ್ಟೇ. ಕಾರ್ಖಾನೆಗಳು ಇದನ್ನು ಜಾಣತನದಿಂದ ಬಳಸಿಕೊಂಡವು: ಕೆಲವೇ ಮಿಲಿಮೀಟರ್ ದಪ್ಪದ ಹಾಳೆಗಳನ್ನು ನೆಲದ ಮೇಲೆ ಸುಮ್ಮನೆ ಹಾಸಿ, ಬಣ್ಣ ಒಣಗಿಸುವ ಒಲೆಯೊಳಗೆ ಬಾಡಿಯನ್ನು ಕಳಿಸಿದರೆ ಸಾಕು, ಹಾಳೆ ಮೆದುವಾಗಿ ತಗಡಿನ ಏರಿಳಿತಕ್ಕೆ ತಾನೇ ಅಂಟಿಕೊಳ್ಳುತ್ತಿತ್ತು.

ತುಕ್ಕಿನ ಕಥೆ ಬೇರೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಚಳಿಪ್ರಾಂತ್ಯಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದು ಭರದಿಂದ ಬೆಳೆಯಿತು. ಕರಾವಳಿಯ ಉಪ್ಪುಗಾಳಿಯಲ್ಲಿ ಗೇಟಿನ ಕಂಬಿ ಏನಾಗುತ್ತದೆಂದು ಬಲ್ಲ ಕನ್ನಡಿಗರಿಗೆ ಪರಿಣಾಮವನ್ನು ಬಿಡಿಸಿ ಹೇಳಬೇಕಿಲ್ಲ. 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಕುರ್ಟ್ ಜೀಬಾರ್ಟ್ ಅವರ ಹೆಸರಿನ ತುಕ್ಕುತಡೆ ಅಂಗಡಿ ಶುರುವಾಯಿತು; ಮುಚ್ಚಿದ ಪೊಳ್ಳುಗಳಿಗೆ ತೂತು ಕೊರೆದು ಒಳಗಿನಿಂದ ಲೇಪ ಸಿಂಪಡಿಸುವುದು ಅಲ್ಲಿನ ಪದ್ಧತಿ. ಕಾರು ಮಾರುವ ಡೀಲರುಗಳೂ ಹೊಸ ಕಾರಿನ ಅಡಿಗೆ ಡಾಂಬರಿನ ಲೇಪವನ್ನು ದಪ್ಪವಾಗಿ ಹೊಡೆದು ಬೇರೆಯೇ ಬೆಲೆ ಕೇಳುತ್ತಿದ್ದರು.

ಇಂದಿನ ಸಂಶೋಧಕರ ತೊಡಕು ಹುಟ್ಟುವುದು ಇಲ್ಲಿಂದಲೇ. ಐವತ್ತು ವರ್ಷದ ಕಾರನ್ನು ಮೇಲೆತ್ತಿದಾಗ ಕಾಣುವ ಕಪ್ಪೆಲ್ಲ ಕಾರ್ಖಾನೆಯದಲ್ಲ. ಮೂಲಪಾಠದ ಮೇಲೆ ಡೀಲರ್ ಸೇರಿಸಿದ ಪ್ರಕ್ಷಿಪ್ತ ಇರುತ್ತದೆ, ಅದರ ಮೇಲೆ ಆಮೇಲಿನ ಮಾಲೀಕರು ಹೊಡೆಸಿದ ಇನ್ನೊಂದು ಪದರ ಇರುತ್ತದೆ. ಬೇರ್ಪಡಿಸುವ ಕೆಲಸ ಹಸ್ತಪ್ರತಿ ಸಂಪಾದನೆಯಷ್ಟೇ ತಾಳ್ಮೆ ಬೇಡುತ್ತದೆ. ಹೀಟ್ ಗನ್ನಿನಿಂದ ಅಂಗೈಯಗಲದ ಜಾಗವನ್ನು ಬಿಸಿ ಮಾಡಿ ಪುಟ್ಟಿ ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಬೇಕು. ಆಗ ಸಾಕ್ಷ್ಯ ಒಂದೊಂದಾಗಿ ಹೊರಬರುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ಲಿನ ಮೇಲೂ ಇಂಧನ ಕೊಳವೆಯ ಮೇಲೂ ಕಪ್ಪು ಹರಡಿದ್ದರೆ, ಅವನ್ನು ಜೋಡಿಸಿದ ಮೇಲೆ ಲೇಪ ಬಿದ್ದಿದೆ. ಬ್ರಾಕೆಟ್ ಬಿಚ್ಚಿದಾಗ ಅದರಡಿಯಲ್ಲೂ ಲೇಪ ಸಿಕ್ಕಿದರೆ, ಲೇಪವೇ ಮೊದಲಿನದು. ಅಂಚಿನಲ್ಲಿ ಬಾಡಿಯ ಬಣ್ಣದ ತುಂತುರು ಕಪ್ಪಿನ ಮೇಲಿದೆಯೋ ಕೆಳಗಿದೆಯೋ ಎಂಬುದರಿಂದ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಿಳಿಯುತ್ತದೆ.

ಫೋರ್ಡ್ ಮಸ್ಟಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಈ ಕಾರನ್ನು ಆರಂಭದ ವರ್ಷಗಳಲ್ಲಿ ಡಿಯರ್‌ಬಾರ್ನ್, ಸ್ಯಾನ್ ಹೋಸೆ, ಮೆಟುಚೆನ್ ಎಂಬ ಮೂರು ಕಡೆ ಕಟ್ಟುತ್ತಿದ್ದರು. ಕೆಂಪು ಆಕ್ಸೈಡ್ ಪ್ರೈಮರ್ ಎಷ್ಟು ಗಾಢ, ಚಕ್ರದ ಗೂಡುಗಳಲ್ಲಿ ಸದ್ದುತಡೆ ಲೇಪ ಎಲ್ಲಿಯವರೆಗೆ ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತದೆ. ಆದ್ದರಿಂದ ಡಿಯರ್‌ಬಾರ್ನ್ ಕಾರಿನ ಮಾದರಿಯನ್ನು ಸ್ಯಾನ್ ಹೋಸೆ ಕಾರಿಗೆ ಹೊಂದಿಸುವುದು ಒಂದು ಪ್ರತಿಯ ಪಾಠಾಂತರವನ್ನು ಇನ್ನೊಂದಕ್ಕೆ ತುರುಕಿದಂತೆ. ತಪ್ಪಲಾರದ ಕೊನೆಯ ಸಾಕ್ಷಿ, ಅದೇ ಕಾರ್ಖಾನೆಯಿಂದ ಅದೇ ತಿಂಗಳಲ್ಲಿ ಹೊರಬಿದ್ದ, ಯಾರೂ ಕೈಹಚ್ಚದ ಇನ್ನೊಂದು ಕಾರು.

ಲೇಪವನ್ನು ಮರಳಿ ಹಚ್ಚುವಾಗಿನ ದೊಡ್ಡ ತಪ್ಪು ಅತಿಯಾದ ನಯ. ಆ ದಿನಗಳ ಕೆಲಸಗಾರ ಸಾಗುತ್ತಿರುವ ಬಾಡಿಯ ಕೆಳಗೆ ನಿಂತು ಕೆಲವೇ ಕ್ಷಣಗಳಲ್ಲಿ ಸಿಂಪಡಿಸುತ್ತಿದ್ದ. ಅಂಚು ಓರೆಕೋರೆ, ಒಂದೆಡೆ ದಪ್ಪ, ಇನ್ನೊಂದೆಡೆ ಪ್ರೈಮರ್ ಇಣುಕುವಷ್ಟು ತೆಳು. ಆ ಅವಸರದಲ್ಲೇ ಅವನ ಕೈಗುರುತು ಉಳಿದಿದೆ. 1974ರಲ್ಲಿ ಹುಟ್ಟಿದ ಅಮೆರಿಕದ ಕಾರ್ವೆಟ್ ಪುನರುದ್ಧಾರಕರ ಸಂಘ ಕಾರನ್ನು ತೂಗುವುದು ಕಾರ್ಖಾನೆಯಿಂದ ಹೊರಬಿದ್ದಾಗಿನ ಸ್ಥಿತಿಗೆ ಹೋಲಿಸಿ. ಅದಕ್ಕಿಂತ ಚೆಲುವಾಗಿಸಿದರೂ ಅಂಕ ಕಳೆಯುತ್ತದೆ. ಸರಿಯಾದ ನಿಲುವು ಅದೇ.

ಒಳಗಿನ ಹಳೆಯ ಹಾಳೆಗಳನ್ನು ತೆಗೆಯಲು ಡ್ರೈ ಐಸ್ ಒಳ್ಳೆಯದು. ಅದನ್ನು ಹರಡಿ ಬಿಟ್ಟರೆ ಡಾಂಬರು ಗಾಜಿನಂತೆ ಪೆಡಸಾಗಿ, ಸುತ್ತಿಗೆಯ ಸಣ್ಣ ಏಟಿಗೆ ಚೂರುಚೂರಾಗಿ ಏಳುತ್ತದೆ. ಗ್ರೈಂಡರ್ ಹಿಡಿಯುವ ಮೊದಲು ಮಾತ್ರ ಒಂದು ತುಣುಕನ್ನು ಪರೀಕ್ಷೆಗೆ ಕಳಿಸಲೇಬೇಕು, ಆ ಕಾಲದ ಕೆಲವು ಲೇಪಗಳಲ್ಲಿ ಕಲ್ನಾರು ಬೆರೆತಿತ್ತು.

1964ರ ವೆನಿಸ್ ಸನ್ನದು ಹಳೆಯ ಕಟ್ಟಡಗಳಿಗೆ ಹಾಕಿಕೊಟ್ಟ ನೀತಿಯನ್ನು ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಟುರಿನ್ ಸನ್ನದಿನ ಮೂಲಕ ವಾಹನಗಳಿಗೂ ತಂದಿತು: ಮಾಡಿದ್ದನ್ನೆಲ್ಲ ದಾಖಲಿಸಿ, ಉಳಿಸಬಹುದಾದ್ದನ್ನು ಉಳಿಸಿ. ಅಡಿಲೇಪದ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಕೆರೆಯುವ ಮುನ್ನ ಪ್ರತಿ ಗೂಡಿನ ಫೋಟೊ, ಅಂಚುಗಳ ಅಳತೆ, ಪದರಗಳ ಕ್ರಮದ ಟಿಪ್ಪಣಿ. ಮತ್ತು ತುಕ್ಕು ತಾಗದ ಒಂದು ಮೂಲೆಯಲ್ಲಿ, ಬಹುಶಃ ಹಿಂದಿನ ಚಕ್ರದ ಗೂಡಿನ ಮೇಲ್ಭಾಗದಲ್ಲಿ, ಕಾರ್ಖಾನೆಯ ಕಪ್ಪು ಪದರವನ್ನು ಅಂಗೈಯಗಲದಷ್ಟಾದರೂ ಮುಟ್ಟದೆ ಬಿಡುವುದು.