500 ರೂಪಾಯಿಯ ಡಿವೈಸ್‌ನಿಂದ ಮೊಬೈಲ್‌ನಲ್ಲೇ ಕಾರಿನ ಸೆಟ್ಟಿಂಗ್ ಬದಲಿಸಬಹುದೇ? ನಿಜವೆಷ್ಟು, ಅಪಾಯವೆಷ್ಟು?

"ಶೋರೂಮ್‌ನವರು ಸಾವಿರಾರು ರೂಪಾಯಿ ಪಡೆಯುವ ಕೆಲಸವನ್ನು 500 ರೂಪಾಯಿಯ ಈ ಡಿವೈಸ್ ಮಾಡುತ್ತದೆ. ಸ್ಟೇರಿಂಗ್ ಕೆಳಗೆ ಚುಚ್ಚಿ, ಆಪ್ ಹಾಕಿಕೊಳ್ಳಿ. ಚೆಕ್ ಇಂಜಿನ್ ಲೈಟ್ ಹೋಗುತ್ತದೆ, ಸೀಟ್‌ಬೆಲ್ಟ್ ಬೀಪ್ ನಿಲ್ಲುತ್ತದೆ, ಮೈಲೇಜ್ ಹೆಚ್ಚುತ್ತದೆ." ಈ ಧಾಟಿಯ ಸಂದೇಶ, ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಇದನ್ನು ನಂಬಲು ಕಾರಣವೂ ಇದೆ. ಕೆಲವು ಕಂಪನಿಗಳ ಅಧಿಕೃತ ಸರ್ವೀಸ್ ಸೆಂಟರ್‌ಗೆ ಇಲ್ಲಿಂದ ದಾವಣಗೆರೆ, ತುಮಕೂರು ಅಥವಾ ಬೆಂಗಳೂರಿನವರೆಗೂ ಹೋಗಬೇಕಾಗಬಹುದು. ಒಂದು ಸಣ್ಣ ಲೈಟ್ ಹತ್ತಿದ್ದಕ್ಕೆ ಇಡೀ ದಿನ ಕಳೆಯಲು ಯಾರಿಗೆ ಮನಸ್ಸಿರುತ್ತದೆ?

ಹಾಗಾದರೆ ಈ ಸಂದೇಶ ನಿಜವೇ? ಒಂದೇ ಮಾತಿನಲ್ಲಿ ಹೇಳುವುದಾದರೆ: ಕಾರಿನ ಕಂಪ್ಯೂಟರ್‌ನಲ್ಲಿರುವುದನ್ನು ಓದುವುದು ಸುಲಭ, ಅಗ್ಗ, ಉಪಯುಕ್ತ. ಅಲ್ಲಿರುವುದನ್ನು ಅಳಿಸುವುದು ರಿಪೇರಿಯಲ್ಲ. ಅಲ್ಲಿ ಹೊಸದಾಗಿ ಬರೆಯುವುದು ಬೇರೆಯೇ ವಿಷಯ. ಸಂದೇಶಗಳು ಈ ಮೂರನ್ನೂ ಕಲಸಿಬಿಡುತ್ತವೆ. ನಾವು ಒಂದೊಂದಾಗಿ ಬಿಡಿಸಿ ನೋಡೋಣ.

ಸ್ಟೇರಿಂಗ್ ಕೆಳಗಿನ ಆ ಪೋರ್ಟ್ ಏನು?

ಡ್ರೈವರ್ ಕಾಲಿನ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಇದೇ ಒಬಿಡಿ ಪೋರ್ಟ್. ಎಂಜಿನ್‌ನ ಹೊಗೆ ನಿಯಂತ್ರಣ ವ್ಯವಸ್ಥೆ ಸರಿಯಾಗಿದೆಯೇ ಎಂದು ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು, ತಪ್ಪಿದ್ದರೆ ತಿಳಿಸಬೇಕು ಎಂಬುದು ಇದರ ಮೂಲ ಉದ್ದೇಶ. ಅಮೆರಿಕದಲ್ಲಿ ಇದರ ಎರಡನೇ ಆವೃತ್ತಿ 1996ರಿಂದ ಕಾರುಗಳಿಗೆ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್4 ನಿಯಮಗಳ ಜೊತೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. ಹಾಗಾಗಿ ನಿಮ್ಮ ಕಾರು 2013ರ ನಂತರದ್ದಾದರೆ ಈ ಪೋರ್ಟ್ ಇದ್ದೇ ಇರುತ್ತದೆ ಎಂದುಕೊಳ್ಳಬಹುದು.

ಕಾರಿನಲ್ಲಿ ಒಂದೇ ಕಂಪ್ಯೂಟರ್ ಇರುವುದಿಲ್ಲ. ಎಂಜಿನ್‌ಗೊಂದು, ಎಬಿಎಸ್ ಬ್ರೇಕ್‌ಗೊಂದು, ಏರ್‌ಬ್ಯಾಗ್‌ಗೊಂದು, ಬಾಗಿಲು ಮತ್ತು ಲೈಟ್‌ಗಳಿಗೊಂದು ಹೀಗೆ ಹಲವು ಪೆಟ್ಟಿಗೆಗಳಿರುತ್ತವೆ. ಇವು ಒಂದಕ್ಕೊಂದು ಮಾತಾಡಿಕೊಳ್ಳಲು ಬಳಸುವ ತಂತಿ ಜಾಲದ ಹೆಸರು ಕ್ಯಾನ್. ಇದನ್ನು ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿತು. ಪೋರ್ಟ್‌ಗೆ ಚುಚ್ಚುವ ಡಿವೈಸ್ ಈ ಮಾತುಕತೆಯನ್ನು ಬ್ಲೂಟೂತ್ ಅಥವಾ ವೈಫೈ ಮೂಲಕ ನಿಮ್ಮ ಫೋನಿಗೆ ತಲುಪಿಸುವ ದುಭಾಷಿ ಅಷ್ಟೇ.

ಅಗ್ಗದ ಡಿವೈಸ್‌ಗಳ ಮೇಲೆ ಸಾಮಾನ್ಯವಾಗಿ ಇಎಲ್ಎಂ327 ಎಂದು ಬರೆದಿರುತ್ತದೆ. ಇದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡಿದ ಚಿಪ್‌ನ ಹೆಸರು. ಇದರ ಮೊದಲ ಆವೃತ್ತಿಗೆ ನಕಲು ತಡೆ ಇರಲಿಲ್ಲ. ಆದ್ದರಿಂದ ಮಾರುಕಟ್ಟೆ ನಕಲುಗಳಿಂದ ತುಂಬಿತು. ಮೂಲ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿದೆ. ನಕಲು ಎಂದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ ಎಂದಲ್ಲ. ಸರಳವಾಗಿ ಓದಲು ಹಲವು ನಕಲುಗಳು ಸಾಕು. ಬರೆಯುವ ಕೆಲಸಕ್ಕೆ ಮಾತ್ರ ಅವುಗಳನ್ನು ನಂಬುವಂತಿಲ್ಲ.

ಹೇಳಿಕೆ 1: ಕಾರಿನ ತೊಂದರೆ ಮೊಬೈಲ್‌ನಲ್ಲೇ ಗೊತ್ತಾಗುತ್ತದೆ
ತೀರ್ಪು: ಬಹುಪಾಲು ನಿಜ

ಚೆಕ್ ಇಂಜಿನ್ ಲೈಟ್ ಹತ್ತಿದಾಗ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟುಕೊಳ್ಳುತ್ತದೆ. ಟಾರ್ಕ್, ಕಾರ್ ಸ್ಕ್ಯಾನರ್‌ನಂಥ ಆಪ್‌ಗಳು ಅದನ್ನು ತೋರಿಸುತ್ತವೆ. ಪಿ0300 ಎಂದರೆ ಎಂಜಿನ್ ಸಿಲಿಂಡರ್‌ಗಳು ಆಗಾಗ ಉರಿ ತಪ್ಪುತ್ತಿವೆ. ಪಿ0420 ಎಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಪಿ0171 ಎಂದರೆ ಎಂಜಿನ್‌ಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ.

ಆದರೆ ಕೋಡ್ ಎಂದರೆ ರೋಗದ ಲಕ್ಷಣ, ರೋಗದ ಹೆಸರಲ್ಲ. ಭೀಮಸಮುದ್ರದ ಸುತ್ತ ಅದಿರು ಲಾರಿಗಳ ಧೂಳಿನಲ್ಲಿ ದಿನವೂ ಓಡುವ ಕಾರಿನಲ್ಲಿ ಪಿ0171 ಬಂದರೆ, ಗಾಳಿ ಅಳೆಯುವ ಸೆನ್ಸರ್ ಮೇಲೆ ಕೊಳೆ ಕೂತಿರಬಹುದು. ಗಾಳಿಯ ಪೈಪ್ ಬಿರುಕು ಬಿಟ್ಟಿರಬಹುದು. ಪೆಟ್ರೋಲ್ ಪಂಪ್ ಸೋತಿರಲೂಬಹುದು. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸಿದರೆ ದುಡ್ಡು ದಂಡವಾಗಬಹುದು.

ಇನ್ನೊಂದು ಮಿತಿಯನ್ನೂ ಮರೆಯಬೇಡಿ. ಸಾಮಾನ್ಯ ಆಪ್‌ಗಳು ಎಂಜಿನ್‌ನ ಕೋಡ್‌ಗಳನ್ನು ಓದುತ್ತವೆ. ಏರ್‌ಬ್ಯಾಗ್, ಎಬಿಎಸ್ ಕೋಡ್‌ಗಳು ಹೆಚ್ಚಿನವುಗಳಲ್ಲಿ ಕಾಣುವುದಿಲ್ಲ. ಆಪ್ "ದೋಷವಿಲ್ಲ" ಎಂದರೆ ಎಂಜಿನ್‌ನಲ್ಲಿ ದೋಷ ದಾಖಲಾಗಿಲ್ಲ ಎಂದಷ್ಟೇ ಅರ್ಥ.

ಹಾಗಿದ್ದರೂ ಓದುವುದರಿಂದ ಲಾಭವಿದೆ. ಬಿರುಬೇಸಿಗೆಯಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಎಂಜಿನ್ ಬಿಸಿಯಾಗುತ್ತಿದೆಯೇ ಎಂಬ ಅನುಮಾನವಿದ್ದರೆ, ಕೂಲಂಟ್‌ನ ಉಷ್ಣತೆ ಆಪ್‌ನಲ್ಲಿ ಅಂಕಿಯಲ್ಲೇ ಸಿಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ವೋಲ್ಟೇಜ್ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಆಗಾಗ ಇದಕ್ಕಿಂತ ಸ್ವಲ್ಪ ಕೆಳಗಿಳಿಯಬಹುದು. ಸದಾ 12.5ಕ್ಕಿಂತ ಕಡಿಮೆಯೇ ಇದ್ದರೆ ಚಾರ್ಜಿಂಗ್ ವ್ಯವಸ್ಥೆಯನ್ನು ತೋರಿಸಿ. ಗ್ಯಾರೇಜ್‌ಗೆ ಹೋಗುವ ಮುನ್ನ ಕೋಡ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಮೆಕ್ಯಾನಿಕ್ ಜೊತೆ ತಿಳಿದು ಮಾತಾಡಬಹುದು.

ಹೇಳಿಕೆ 2: ಲೈಟ್ ಆರಿಸಿದರೆ ರಿಪೇರಿ ಮುಗಿಯಿತು
ತೀರ್ಪು: ಸುಳ್ಳು

ಆಪ್‌ನಲ್ಲಿ ಕೋಡ್ ಅಳಿಸುವ ಬಟನ್ ಇರುತ್ತದೆ. ಒತ್ತಿದರೆ ಲೈಟ್ ಆರುತ್ತದೆ. ಜ್ವರ ಬಂದವನ ಥರ್ಮಾಮೀಟರ್ ಕೊಡವಿದಂತೆ ಇದು. ಕಾರಣ ಉಳಿದಿದ್ದರೆ ಲೈಟ್ ಮತ್ತೆ ಹತ್ತುತ್ತದೆ. ನಡುವೆ ಆಗುವ ನಷ್ಟ ಬೇರೆ. ಉರಿ ತಪ್ಪುತ್ತಿರುವ ಎಂಜಿನ್‌ನಿಂದ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡಬಹುದು. ಸ್ಪಾರ್ಕ್ ಪ್ಲಗ್‌ನಲ್ಲಿ ಮುಗಿಯಬಹುದಾದ ಖರ್ಚು ಹತ್ತಾರು ಸಾವಿರಕ್ಕೆ ಏರುತ್ತದೆ.

ಅಳಿಸಿದಾಗ ಇನ್ನೊಂದು ಅಮೂಲ್ಯ ಮಾಹಿತಿಯೂ ಹೋಗುತ್ತದೆ. ತೊಂದರೆ ಬಂದ ಕ್ಷಣದಲ್ಲಿ ವೇಗ, ಎಂಜಿನ್ ಬಿಸಿ, ಲೋಡ್ ಎಷ್ಟಿತ್ತು ಎಂಬುದನ್ನು ಕಂಪ್ಯೂಟರ್ ಫೋಟೋ ತೆಗೆದಂತೆ ಉಳಿಸಿರುತ್ತದೆ. ಮೆಕ್ಯಾನಿಕ್‌ಗೆ ಬೇಕಾದ ಸುಳಿವು ಅದೇ. ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಆಪ್ ತೆರೆಯುತ್ತಾ ಕೂರಬೇಡಿ. ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ.

ಹೇಳಿಕೆ 3: ಚುಚ್ಚಿದರೆ ಸಾಕು, ಮೈಲೇಜ್ ಹೆಚ್ಚುತ್ತದೆ
ತೀರ್ಪು: ಸುಳ್ಳು

"ಇಂಧನ ಉಳಿಸುವ ಚಿಪ್" ಎಂದು ಮಾರಾಟವಾಗುವ ಇಂಥ ಅಗ್ಗದ ಡಿವೈಸ್ ಒಂದನ್ನು ಎಲೆಕ್ಟ್ರಾನಿಕ್ಸ್ ಆಸಕ್ತರು ಬಿಚ್ಚಿ ನೋಡಿದಾಗ, ಒಳಗೆ ಎಲ್‌ಇಡಿ ಮಿಣುಕಿಸುವ ಸರ್ಕ್ಯೂಟ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಕಾರಿನ ಜಾಲದೊಂದಿಗೆ ಮಾತಾಡುವ ಭಾಗವೇ ಇರಲಿಲ್ಲ. ಮಾತೇ ಆಡದ ಡಿವೈಸ್ ನಿಮ್ಮ ಡ್ರೈವಿಂಗ್ "ಕಲಿತು" ಎಂಜಿನ್ ಸರಿಹೊಂದಿಸುವುದು ಹೇಗೆ? ಟೈರ್ ಗಾಳಿ ಸರಿ ಇಟ್ಟುಕೊಳ್ಳಿ, ಏರ್ ಫಿಲ್ಟರ್ ಶುಚಿಯಾಗಿಡಿ, ಹೆದ್ದಾರಿಯಲ್ಲಿ 100ರ ಬದಲು 80ರಲ್ಲಿ ಹೋಗಿ. ಮೈಲೇಜ್ ಹೆಚ್ಚುವುದು ಇದರಿಂದ.

ಹೇಳಿಕೆ 4: ಕಂಪನಿ ಮುಚ್ಚಿಟ್ಟ ಫೀಚರ್‌ಗಳನ್ನು ಮನೆಯಲ್ಲೇ ತೆರೆಯಬಹುದು
ತೀರ್ಪು: ಕೆಲವು ಕಾರುಗಳಲ್ಲಿ ನಿಜ, ಎಲ್ಲ ಕಾರುಗಳಲ್ಲೂ ಅಲ್ಲ

ಒಂದೇ ಕಂಪ್ಯೂಟರ್ ಪೆಟ್ಟಿಗೆಯನ್ನು ಹಲವು ದೇಶ, ಹಲವು ಮಾಡೆಲ್‌ಗಳಿಗೆ ಬಳಸುವುದರಿಂದ ಕಂಪನಿಗಳು ಕೆಲವು ಸೌಲಭ್ಯಗಳನ್ನು ಸೆಟ್ಟಿಂಗ್‌ನಲ್ಲೇ ಆನ್ ಅಥವಾ ಆಫ್ ಮಾಡಿರುತ್ತವೆ. ಇದನ್ನು ಬದಲಿಸುವುದಕ್ಕೆ ಕೋಡಿಂಗ್ ಎನ್ನುತ್ತಾರೆ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಿಗೆ ರಾಸ್-ಟೆಕ್ ಕಂಪನಿಯ ವಿಸಿಡಿಎಸ್, ಫೋರ್ಡ್‌ಗೆ ಫೋರ್‌ಸ್ಕ್ಯಾನ್, ಬಿಎಂಡಬ್ಲ್ಯುಗೆ ಬಿಮ್ಮರ್‌ಕೋಡ್ ಹೆಸರುವಾಸಿ. ರಿಮೋಟ್‌ನಿಂದ ಕಿಟಕಿ ಏರಿಸುವುದು, ಗಾಡಿ ಹೊರಟ ಮೇಲೆ ಬಾಗಿಲು ತಾನೇ ಲಾಕ್ ಆಗುವುದು, ಇಳಿದ ಮೇಲೂ ಹೆಡ್‌ಲೈಟ್ ಸ್ವಲ್ಪ ಹೊತ್ತು ಉರಿಯುವುದು ಇಂಥ ಬದಲಾವಣೆಗಳು ಮಾಡೆಲ್ ನೋಡಿಕೊಂಡು ಸಾಧ್ಯ.

ಫೋರ್ಡ್ ಮಾಲೀಕರಿಗಂತೂ ಇದು ಬರೀ ಶೋಕಿಯಲ್ಲ. ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಸಣ್ಣ ಊರುಗಳಲ್ಲಿ ಇಕೋಸ್ಪೋರ್ಟ್, ಫಿಗೋ ಇಟ್ಟುಕೊಂಡವರಿಗೆ ತಮ್ಮ ಕಾರಿನ ಕೋಡ್ ತಾವೇ ಓದುವ ಸಾಫ್ಟ್‌ವೇರ್ ದೊಡ್ಡ ಆಸರೆ.

ಮಾರುತಿ, ಹ್ಯುಂಡೈ, ಟಾಟಾ ಕಾರುಗಳಲ್ಲಿ ಮನೆಯ ಬಳಕೆದಾರರಿಗೆ ಇಷ್ಟು ಅವಕಾಶವಿಲ್ಲ. ಓದುವ ಆಪ್‌ಗಳು ಮಾತ್ರ ಧಾರಾಳವಾಗಿ ಕೆಲಸ ಮಾಡುತ್ತವೆ. ಹೊಸ ಕಾರುಗಳಲ್ಲಿ ಕಂಪನಿಗಳೇ ಬೀಗ ಹಾಕುತ್ತಿವೆ. ಫೋಕ್ಸ್‌ವ್ಯಾಗನ್ ಸಮೂಹದ ಹೊಸ ಮಾಡೆಲ್‌ಗಳಲ್ಲಿ ಕಂಪನಿಯ ಸರ್ವರ್‌ನ ಅನುಮತಿಯಿಲ್ಲದೆ ಹಲವು ಸೆಟ್ಟಿಂಗ್ ಬದಲಿಸಲಾಗದು. ಜೊತೆಗೆ, ಕಾರಿನಲ್ಲಿ ಇಲ್ಲದ ಭಾಗವನ್ನು ಸಾಫ್ಟ್‌ವೇರ್ ಹುಟ್ಟಿಸಲಾರದು. ಮಳೆ ಸೆನ್ಸರ್ ಇಲ್ಲದ ಕಾರಿನಲ್ಲಿ ಅದನ್ನು ಆನ್ ಮಾಡಿದರೆ ಸಿಗುವುದು ಹೊಸ ಎರರ್ ಮಾತ್ರ.

ಹೇಳಿಕೆ 5: ಸೀಟ್‌ಬೆಲ್ಟ್ ಮತ್ತು 80ರ ಬೀಪ್ ನಿಲ್ಲಿಸಿಕೊಳ್ಳಿ
ತೀರ್ಪು: ಅಪಾಯ, ಮಾಡಬೇಡಿ

2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಲ್ಲಿ ಸೀಟ್‌ಬೆಲ್ಟ್ ನೆನಪಿಸುವ ಬೀಪ್ ಮತ್ತು ವೇಗದ ಎಚ್ಚರಿಕೆ ಕಡ್ಡಾಯ. ವೇಗ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಸದ್ದು ಬರುತ್ತದೆ. ಕಿರಿಕಿರಿಯಾಗುವುದು ನಿಜ. ಆದರೆ ಚಿತ್ರದುರ್ಗ, ಹಿರಿಯೂರು ಮೂಲಕ ಹಾದುಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಗೊತ್ತು: ರಸ್ತೆ ನೇರವಾಗಿದ್ದಾಗ ವೇಗ ಏರಿದ್ದೇ ತಿಳಿಯುವುದಿಲ್ಲ, ಮುಂದೆ ಲಾರಿ ನಿಂತಿದ್ದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಬೆಲ್ಟ್ ಹಾಕದವನ ದೇಹ ಮುಂದಕ್ಕೆ ಚಿಮ್ಮಿ ಉಬ್ಬುತ್ತಿರುವ ಏರ್‌ಬ್ಯಾಗ್‌ಗೆ ಬಡಿದರೆ, ಕಾಪಾಡಬೇಕಾದ ಏರ್‌ಬ್ಯಾಗೇ ಗಾಯ ಮಾಡಬಹುದು.

ಬೀಪ್ ನಿಲ್ಲಿಸಲು ಬೆಲ್ಟ್‌ನ ಬಕಲ್‌ಗೆ ಸಿಕ್ಕಿಸುವ ಕ್ಲಿಪ್‌ಗಳನ್ನು ತೆಗೆದುಹಾಕುವಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತ್ತು. ಸಾಫ್ಟ್‌ವೇರ್‌ನಿಂದ ಬೀಪ್ ಆರಿಸುವುದೂ ಅದೇ ಕ್ಲಿಪ್‌ನ ಇನ್ನೊಂದು ರೂಪ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಆರು ತಿಂಗಳವರೆಗೆ ಜೈಲು, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ಹೇಳುತ್ತದೆ. ಬಾಗಿಲು ಲಾಕ್ ಆಗುವ ಸೆಟ್ಟಿಂಗ್ ನೋಂದಣಿ ಪತ್ರದ ವಿವರವಲ್ಲ. ಎಂಜಿನ್ ಶಕ್ತಿ ಹೆಚ್ಚಿಸುವ ರೀಮ್ಯಾಪ್, ಡೀಸೆಲ್ ಕಾರಿನ ಹೊಗೆ ಫಿಲ್ಟರ್ ತೆಗೆದು ಸಾಫ್ಟ್‌ವೇರ್‌ನಲ್ಲಿ ಮರೆಮಾಚುವುದು, ಹಳದಿ ಬೋರ್ಡ್ ವಾಹನದ ವೇಗಮಿತಿ ಕಳಚುವುದು ಇವೆಲ್ಲ ಹಾಗಲ್ಲ. ವಾರಂಟಿ ಹೋಗಬಹುದು, ಅಪಘಾತವಾದಾಗ ವಿಮೆಯಲ್ಲೂ ತಕರಾರು ಬರಬಹುದು.

ಹಳೇ ಕಾರು ಕೊಳ್ಳುವವರು ಇದನ್ನು ತಪ್ಪದೆ ಓದಿ

ಈ ಡಿವೈಸ್ ನಿಮ್ಮ ದುಡ್ಡು ನಿಜವಾಗಿ ಉಳಿಸುವುದು ಇಲ್ಲಿ. ಮಾರುವವರು ಬೆಳಿಗ್ಗೆ ಕೋಡ್ ಅಳಿಸಿ, ಮಧ್ಯಾಹ್ನ ಕಾರು ತೋರಿಸಿದರೆ ಡ್ಯಾಶ್‌ಬೋರ್ಡ್ ಶುಭ್ರವಾಗಿ ಕಾಣುತ್ತದೆ. ಆದರೆ ಅಳಿಸಿದ್ದಕ್ಕೂ ಗುರುತು ಉಳಿಯುತ್ತದೆ.

- ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಎಂಬ ಲೆಕ್ಕ ಅನೇಕ ಕಾರುಗಳಲ್ಲಿ ಸಿಗುತ್ತದೆ. ಅದು 10 ಅಥವಾ 20 ಕಿ.ಮೀ. ಇದ್ದರೆ ಯಾಕೆ ಎಂದು ಕೇಳಿ.
- ರೆಡಿನೆಸ್ ಎಂಬ ಭಾಗ ನೋಡಿ. ಅಲ್ಲಿನ ಪರೀಕ್ಷೆಗಳು "ಪೂರ್ಣವಾಗಿಲ್ಲ" ಎಂದಿದ್ದರೆ ಇತ್ತೀಚೆಗೆ ಅಳಿಸಿರುವ ಸಾಧ್ಯತೆ ಇದೆ. ಬ್ಯಾಟರಿ ಬದಲಿಸಿದಾಗಲೂ ಹೀಗಾಗಬಹುದು, ಹಾಗಾಗಿ ಬ್ಯಾಟರಿ ಬಿಲ್ ಕೇಳಿ.
- ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ಅನುಮಾನಿಸಿ.
- ಓಡೋಮೀಟರ್ ಹಿಂದಕ್ಕೆ ತಿರುಗಿಸುವ ಸಾಫ್ಟ್‌ವೇರ್‌ಗಳಿವೆ. ಮೀಟರ್ ಒಂದನ್ನೇ ನಂಬದೆ ಸರ್ವೀಸ್ ದಾಖಲೆ, ಟೈರ್, ಪೆಡಲ್‌ಗಳ ಸವೆತದ ಜೊತೆ ತಾಳೆ ನೋಡಿ.

ಮನೆಯಲ್ಲೇ ಮಾಡುವುದಾದರೆ

- ಐಫೋನ್ ಇದ್ದರೆ ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿ ಡಿವೈಸ್ ಕೊಳ್ಳಿ. ಹಳೆಯ ಬ್ಲೂಟೂತ್‌ನವು ಕೆಲಸ ಮಾಡುವುದಿಲ್ಲ.
- ಗಾಡಿ ನಿಲ್ಲಿಸಿಯೇ ನೋಡಿ. ಓಡಿಸುತ್ತಾ ಆಪ್ ನೋಡಬೇಡಿ.
- ಕೆಲಸ ಮುಗಿದ ಮೇಲೆ ಡಿವೈಸ್ ಕಿತ್ತಿಡಿ. ಪೋರ್ಟ್‌ನ 16ನೇ ಪಿನ್‌ಗೆ ಸದಾ ಬ್ಯಾಟರಿ ಕರೆಂಟ್ ಇರುತ್ತದೆ. ಕಾರು ವಾರಗಟ್ಟಲೆ ನಿಂತಿದ್ದರೆ ಬ್ಯಾಟರಿ ಇಳಿಯಬಹುದು. 1234, 0000ದಂಥ ಪಾಸ್‌ವರ್ಡ್ ಇರುವ ಡಿವೈಸ್‌ಗೆ ಪಕ್ಕದವರೂ ಸಂಪರ್ಕಿಸಬಹುದು.
- ಕೋಡಿಂಗ್ ಮಾಡುವ ಮುನ್ನ ಹಳೆಯ ಸೆಟ್ಟಿಂಗ್ ಉಳಿಸಿಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ. ಸಾಫ್ಟ್‌ವೇರ್ ಕಂಪನಿ ಸೂಚಿಸಿದ ಡಿವೈಸ್ ಅನ್ನೇ ಬಳಸಿ.
- ಏರ್‌ಬ್ಯಾಗ್, ಬ್ರೇಕ್, ಸ್ಟೇರಿಂಗ್‌ನ ಸೆಟ್ಟಿಂಗ್ ಮುಟ್ಟಬೇಡಿ.
- ಕಂಪ್ಯೂಟರ್‌ನ ಇಡೀ ಪ್ರೋಗ್ರಾಂ ಬದಲಿಸುವ ಫ್ಲಾಶಿಂಗ್ ಮನೆಯ ಕೆಲಸವಲ್ಲ. ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಅಥವಾ ಸಂಪರ್ಕ ಕಡಿದರೆ ಆ ಪೆಟ್ಟಿಗೆ ಕೆಟ್ಟು, ಕಾರು ಸ್ಟಾರ್ಟ್ ಆಗದೆ ಟೋಯಿಂಗ್ ಗಾಡಿ ಕರೆಸಬೇಕಾದೀತು.

ಮುಂದಿನ ಸಲ ಸಂದೇಶ ಬಂದರೆ ಹೀಗೆ ಉತ್ತರಿಸಿ

"ಡಿವೈಸ್ ಕೊಳ್ಳಿ, ಕೋಡ್ ಓದಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಲೈಟ್ ಆರಿದರೆ ರಿಪೇರಿ ಆಯಿತು ಎಂದಲ್ಲ. ಮೈಲೇಜ್ ಚಿಪ್ ಮೋಸ. ಬೆಲ್ಟ್ ಬೀಪ್ ನಿಲ್ಲಿಸಬೇಡಿ, ಬೆಲ್ಟ್ ಹಾಕಿಕೊಳ್ಳಿ." ಫಾರ್ವರ್ಡ್ ಮಾಡುವುದಿದ್ದರೆ ಇದನ್ನೇ ಮಾಡಿ. ನಿಮ್ಮ ಗುಂಪಿನಲ್ಲಿ ಹಳೇ ಕಾರು ನೋಡುತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಮೊದಲು ಕಳುಹಿಸಿ.