ತಾನು ತೆಗೆಯದ ಚಿತ್ರವನ್ನು ತೋರುವ ಕ್ಯಾಮೆರಾ

ನಂದಿಯ ಶಿವರಾತ್ರಿ ಜಾತ್ರೆ, ವಿದುರಾಶ್ವತ್ಥದ ತೇರು ಎಂದರೆ ಚಿಕ್ಕಬಳ್ಳಾಪುರ ಸೀಮೆಯ ಮಕ್ಕಳಿಗೆ ಬತ್ತಾಸು, ಬೆಂಡು, ಬಳೆ ಅಂಗಡಿಗಳ ಜೊತೆಗೆ ನೆನಪಾಗುವ ಇನ್ನೊಂದು ವಸ್ತುವಿದೆ. ಅದು ಪ್ಲಾಸ್ಟಿಕ್ಕಿನ ಆಟದ ಕ್ಯಾಮೆರಾ. ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತಿದರೆ ತಿರುಪತಿಯ ತಿಮ್ಮಪ್ಪ. ಮತ್ತೊಮ್ಮೆ ಒತ್ತಿದರೆ ತಾಜಮಹಲು. ಒಳಗಿದ್ದದ್ದು ಬೆರಳಗಲದ ಫಿಲ್ಮಿನ ತುಂಡುಗಳು. ಆ ಕ್ಯಾಮೆರಾ ಆಗ್ರಾಕ್ಕೂ ಹೋಗಿರಲಿಲ್ಲ, ತಿರುಮಲೆಯನ್ನೂ ಹತ್ತಿರಲಿಲ್ಲ. ಹಾಗೆಂದು ಯಾರೂ ಅದನ್ನು ಸುಳ್ಳುಗಾರ ಎನ್ನಲಿಲ್ಲ. ಅದು ತೋರಿಸುವ ಯಂತ್ರವೇ ಹೊರತು ತೆಗೆಯುವ ಯಂತ್ರವಲ್ಲ ಎಂಬುದು ಐದು ವರ್ಷದ ಮಗುವಿಗೂ ಗೊತ್ತಿತ್ತು.

ನಿಜವಾದ ಕ್ಯಾಮೆರಾದ ಕತೆ ಇದಕ್ಕೆ ತದ್ವಿರುದ್ಧ. ಅದು ತೆಗೆಯುತ್ತಿತ್ತು, ತೋರಿಸುತ್ತಿರಲಿಲ್ಲ. ಫಿಲ್ಮು ಸುರುಳಿ ಮುಗಿಯಬೇಕು, ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ತೊಳೆಯಬೇಕು, ಕಾಗದದ ಮೇಲೆ ಮೂಡಬೇಕು. ಚಿಂತಾಮಣಿಯಲ್ಲಾಗಲಿ ಶಿಡ್ಲಘಟ್ಟದಲ್ಲಾಗಲಿ ಮದುವೆಯ ಚಿತ್ರ ಕೈಸೇರಲು ದಿನಗಟ್ಟಲೆ ಕಾಯಬೇಕಿತ್ತು. ಸ್ಟುಡಿಯೋದವರು ಚಿತ್ರದ ಬೆನ್ನಿಗೆ ಒಂದು ಸಂಖ್ಯೆ ಬರೆದು ಕೊಡುತ್ತಿದ್ದರು. ಮುಂದೆಂದಾದರೂ ಪ್ರತಿ ಬೇಕಾದರೆ ಆ ನೆಗೆಟಿವ್ ಸಂಖ್ಯೆ ಹೇಳಿದರೆ ಸಾಕು. ಆ ಪುಟ್ಟ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಇಡೀ ಕತೆ ನಿಂತಿರುವುದು ಅದರ ಮೇಲೆಯೇ.

ತೆಗೆಯುವುದು ಮತ್ತು ತೋರಿಸುವುದು ಒಂದೇ ಪೆಟ್ಟಿಗೆಯಲ್ಲಿ ಕೂಡಿದ್ದು ಡಿಜಿಟಲ್ ಕ್ಯಾಮೆರಾದಲ್ಲಿ. ಅದೂ ಒಂದೇ ದಿನದಲ್ಲಿ ಆದದ್ದಲ್ಲ. 1975ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಮಾದರಿ ಸುಮಾರು ಮೂರೂವರೆ ಕಿಲೋ ತೂಗುತ್ತಿತ್ತು. ಉದ್ದಕ್ಕೆ ನೂರು, ಅಗಲಕ್ಕೆ ನೂರು ಚುಕ್ಕಿಗಳ ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಚಿತ್ರವನ್ನು ನೋಡಲು ಆ ಕ್ಯಾಸೆಟ್ಟನ್ನು ಬೇರೊಂದು ಯಂತ್ರಕ್ಕೆ ಹಾಕಿ ಟೆಲಿವಿಷನ್ನಿಗೆ ಜೋಡಿಸಬೇಕಿತ್ತು. ಬೆನ್ನಿನಲ್ಲೇ ಪುಟ್ಟ ಪರದೆ ಹೊತ್ತು ಜನಸಾಮಾನ್ಯರ ಕೈಗೆ ಬಂದದ್ದು 1995ರಲ್ಲಿ, ಜಪಾನಿನ ಕ್ಯಾಸಿಯೋ ಕಂಪನಿಯ ಕ್ಯೂವಿ-10. ಚಿತ್ರ ತೆಗೆದ ಕ್ಷಣವೇ ಅದನ್ನು ಕಾಣಬಹುದೆಂಬ ಬೆರಗು ಅಲ್ಲಿಂದ ಶುರುವಾಯಿತು.

ಬೆರಗಿನ ಬೆನ್ನಿಗೇ ಗೊಂದಲವೂ ಬಂತು. ಒಂದೊಂದು ಕಂಪನಿ ಒಂದೊಂದು ರೀತಿಯಲ್ಲಿ ಚಿತ್ರಗಳನ್ನು ಬಚ್ಚಿಡತೊಡಗಿತು. ಒಂದರ ಕಾರ್ಡನ್ನು ಇನ್ನೊಂದಕ್ಕೆ ಹಾಕಿದರೆ ಪರದೆ ಬರಿದು. ಇದನ್ನು ಸರಿಪಡಿಸಲು ಜಪಾನಿನ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ 1998ರಲ್ಲಿ ಒಂದು ನಿಯಮಾವಳಿ ಹೊರಡಿಸಿತು. ಅದಕ್ಕೆ ಡಿಸಿಎಫ್ ಎಂದು ಹೆಸರು. ಒಂದು ಕ್ಯಾಮೆರಾ ತೆಗೆದ ಚಿತ್ರವನ್ನು ಮತ್ತೊಂದು ಕ್ಯಾಮೆರಾ ತೋರಿಸುವಂತಾಗಬೇಕು ಎಂಬುದೇ ಅದರ ಉದ್ದೇಶ. ಎಂದರೆ, ತಾನು ತೆಗೆಯದ ಚಿತ್ರವನ್ನು ತೋರಿಸುವುದು ಕ್ಯಾಮೆರಾಕ್ಕೆ ಯಾರೋ ಕಳ್ಳತನದಿಂದ ಕಲಿಸಿದ ವಿದ್ಯೆಯಲ್ಲ. ಅದರ ಜಾತಕದಲ್ಲೇ ಬರೆದಿರುವ ಗುಣ.

ಹಾಗಾದರೆ ಕಂಪ್ಯೂಟರಿನಿಂದ ಕಾರ್ಡಿಗೆ ಸುರಿದ ಚಿತ್ರಗಳನ್ನು ಎಷ್ಟೋ ಕ್ಯಾಮೆರಾಗಳು ‘ಚಿತ್ರವಿಲ್ಲ’ ಎಂದು ತಳ್ಳಿಬಿಡುವುದೇಕೆ? ತಾನೇ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ತಿದ್ದಿ ಹಿಂದಿರುಗಿಸಿದರೂ ಗುರುತು ಹಿಡಿಯದಿರುವುದೇಕೆ? ಉತ್ತರ ಸರಳ. ಕ್ಯಾಮೆರಾ ಚಿತ್ರದ ಮುಖ ನೋಡುವುದಿಲ್ಲ, ವಿಳಾಸ ನೋಡುತ್ತದೆ.

ನಿಯಮದ ಪ್ರಕಾರ ಕಾರ್ಡಿನಲ್ಲಿ ಡಿಸಿಐಎಂ ಎಂಬ ಮನೆಯಿರಬೇಕು. ಅದರೊಳಗಿನ ಪ್ರತಿ ಕೋಣೆಯ ಹೆಸರು 100ರಿಂದ 999ರ ಒಳಗಿನ ಮೂರು ಅಂಕಿಗಳಿಂದ ಆರಂಭವಾಗಿ ಐದು ಅಕ್ಷರಗಳಲ್ಲಿ ಮುಗಿಯಬೇಕು. ಕೋಣೆಯೊಳಗಿನ ಚಿತ್ರದ ಹೆಸರಿನಲ್ಲಿ ಮೊದಲು ನಾಲ್ಕು ಅಕ್ಷರ, ಆಮೇಲೆ 0001ರಿಂದ 9999ರವರೆಗಿನ ನಾಲ್ಕು ಅಂಕಿ. ‘ಅಕ್ಕನ ಮದುವೆ’ ಎಂದು ಚೆಂದವಾಗಿ ಹೆಸರಿಟ್ಟರೆ ಕ್ಯಾಮೆರಾಕ್ಕೆ ಅದು ಹೆಸರೇ ಅಲ್ಲ. ಒಂದೇ ಕೋಣೆಯಲ್ಲಿ ಒಂದೇ ಸಂಖ್ಯೆ ಇಬ್ಬರಿಗೆ ಸಿಕ್ಕರೂ ತಕರಾರು. ಹಿಂದಿನ ಸ್ಟುಡಿಯೋದ ನೆಗೆಟಿವ್ ಸಂಖ್ಯೆಯೇ ಇಲ್ಲಿ ಬೇರೆ ವೇಷದಲ್ಲಿ ಕುಳಿತಿದೆ.

ವಿಳಾಸ ಸರಿಯಿದ್ದರೂ ಒಳಗಿನ ಹೂರಣ ಸರಿಯಿರಬೇಕು. ಚಿತ್ರವು ಜೆಪೆಗ್ ಎಂಬ ಸಂಕೋಚನ ವಿಧಾನದ ಸಾದಾ ಬಗೆಯಲ್ಲಿರಬೇಕು. ಮಬ್ಬಿನಿಂದ ಹಂತಹಂತವಾಗಿ ಸ್ಪಷ್ಟವಾಗುವ ‘ಪ್ರೊಗ್ರೆಸಿವ್’ ಬಗೆಯನ್ನು ಬಹುತೇಕ ಕ್ಯಾಮೆರಾಗಳು ಓದುವುದಿಲ್ಲ. ಜೊತೆಗೆ ಎಕ್ಸಿಫ್ ಎಂಬ ಮಾಹಿತಿಯ ಚೀಟಿ, ಅದರೊಳಗೆ 160ಕ್ಕೆ 120 ಚುಕ್ಕಿಗಳ ಒಂದು ಬೆರಳುಗುರಿನ ಚಿತ್ರ ಇರಬೇಕು. ಕಂಪ್ಯೂಟರಿನ ಹಲವು ತಂತ್ರಾಂಶಗಳು ತಿದ್ದಿ ಉಳಿಸುವಾಗ ಈ ಚೀಟಿಯನ್ನು ಕಿತ್ತುಹಾಕುತ್ತವೆ, ಇಲ್ಲವೇ ಹೆಸರು ಬದಲಿಸುತ್ತವೆ. ಅಲ್ಲಿಗೆ ಮನೆಮಗನೇ ಪರದೇಶಿಯಾದಂತೆ.

ಆದ್ದರಿಂದ ಉಪಾಯವೂ ಇದರಲ್ಲೇ ಇದೆ. ಕಾರ್ಡನ್ನು ಕ್ಯಾಮೆರಾದಲ್ಲೇ ಸಿದ್ಧಗೊಳಿಸಿ ಒಂದು ಚಿತ್ರ ತೆಗೆದರೆ ಮನೆಯೂ ಕೋಣೆಯೂ ತಾವಾಗಿ ನಿರ್ಮಾಣವಾಗುತ್ತವೆ. ಬೇಕಾದ ಚಿತ್ರವನ್ನು ಆ ಕ್ಯಾಮೆರಾ ತೆಗೆಯಬಲ್ಲ ಅಳತೆ ಮೀರದಂತೆ ಸಾದಾ ಜೆಪೆಗ್‌ನಲ್ಲಿ ಉಳಿಸಿ, ಮುಂದಿನ ಸಂಖ್ಯೆಯ ಹೆಸರು ಕೊಟ್ಟು, ಎಕ್ಸಿಫ್ ಚೀಟಿ ಲಗತ್ತಿಸಿ ಅದೇ ಕೋಣೆಯಲ್ಲಿ ಇಟ್ಟರೆ ಸಾಮಾನ್ಯವಾಗಿ ಕ್ಯಾಮೆರಾ ತಕರಾರಿಲ್ಲದೆ ತೋರಿಸುತ್ತದೆ. ಟಿವಿಗೆ ತಂತಿ ಜೋಡಿಸಬಲ್ಲ ಕ್ಯಾಮೆರಾ ಆದರೆ ಕಂಪ್ಯೂಟರಿಲ್ಲದ ಹಳ್ಳಿಯ ಶಾಲೆಯಲ್ಲೂ ನಕ್ಷೆ, ಹೂವು, ಗ್ರಹಗಳ ಚಿತ್ರಗಳನ್ನು ತೋರಿಸಬಹುದು. ಇಲ್ಲಿಯವರೆಗೆ ಇದು ನಿರುಪದ್ರವಿ ವಿದ್ಯೆ.

ತೊಡಕು ಬರುವುದು ‘ನೋಡಿ, ಕ್ಯಾಮೆರಾದಲ್ಲೇ ಇದೆ’ ಎಂದು ಯಾರಾದರೂ ಪರದೆಯನ್ನು ಮುಂದೆ ಹಿಡಿದಾಗ. ಜಮೀನಿನ ಬೇಲಿಯೋ, ಅಪಘಾತವೋ, ಒಡೆದ ಕೆರೆ ಏರಿಯೋ, ಯಾವುದೇ ವ್ಯಾಜ್ಯದಲ್ಲಿ ಕ್ಯಾಮೆರಾದ ಬೆನ್ನಿನ ಪರದೆಗೆ ಜನ ವಿಶೇಷ ಗೌರವ ಕೊಡುತ್ತಾರೆ. ಆದರೆ ಆ ಪರದೆ ಹೇಳುವುದು ಇಷ್ಟೇ: ಸರಿಯಾದ ವಿಳಾಸದಲ್ಲಿ ಸರಿಯಾದ ಬಗೆಯ ಒಂದು ಕಡತವಿದೆ. ಅದನ್ನು ತಾನೇ ತೆಗೆದೆನೆಂದು ಕ್ಯಾಮೆರಾ ಪ್ರಮಾಣ ಮಾಡುವುದಿಲ್ಲ. ಚೀಟಿಯಲ್ಲಿನ ದಿನಾಂಕವೂ ಕ್ಯಾಮೆರಾದ ಗಡಿಯಾರದ್ದು. ಆ ಗಡಿಯಾರವನ್ನು ತಿರುಗಿಸಲು ಎರಡು ಗುಂಡಿ ಸಾಕು.

ಪ್ರಮಾಣ ಮಾಡಿಸುವ ಪ್ರಯತ್ನಗಳೂ ನಡೆದಿವೆ. ಕ್ಯಾನನ್ ಮತ್ತು ನಿಕಾನ್ ಕಂಪನಿಗಳು ಚಿತ್ರಕ್ಕೆ ಗುಪ್ತ ಮೊಹರು ಒತ್ತುವ ವ್ಯವಸ್ಥೆ ತಂದವು. ರಷ್ಯದ ಎಲ್ಕಾಮ್‌ಸಾಫ್ಟ್ ಎಂಬ ಸಂಸ್ಥೆ 2010ರಲ್ಲಿ ಕ್ಯಾನನ್‌ನದನ್ನು, 2011ರಲ್ಲಿ ನಿಕಾನ್‌ನದನ್ನು ಭೇದಿಸಿ ತೋರಿಸಿತು. ಚಂದ್ರನ ಮೇಲೆ ಸೋವಿಯತ್ ಬಾವುಟ ನೆಡುವ ಗಗನಯಾತ್ರಿಯ ಚಿತ್ರಕ್ಕೂ ‘ಅಸಲಿ’ ಎಂಬ ಮುದ್ರೆ ಬಿದ್ದಿತು! 2023ರಲ್ಲಿ ಜರ್ಮನಿಯ ಲೈಕಾ ಕಂಪನಿ ಹೊಸ ಅಂತರರಾಷ್ಟ್ರೀಯ ಮಾನದಂಡದ ಸಹಿಯುಳ್ಳ ಕ್ಯಾಮೆರಾ ಹೊರತಂದಿತು. ನಿಕಾನ್ 2025ರಲ್ಲಿ ಅದೇ ದಾರಿ ಹಿಡಿಯಿತು. ಕೆಲವೇ ವಾರಗಳಲ್ಲಿ ಒಬ್ಬ ಹವ್ಯಾಸಿ, ಒಂದರ ಮೇಲೊಂದು ಚಿತ್ರ ಹೊದಿಸುವ ಸೌಲಭ್ಯವನ್ನೇ ಬಳಸಿ, ಆ ಕ್ಯಾಮೆರಾ ತೆಗೆಯದ ಚಿತ್ರಕ್ಕೆ ಅದರಿಂದಲೇ ಸಹಿ ಹಾಕಿಸಿ ತೋರಿಸಿದ. ಕಂಪನಿ ಆ ಸೇವೆಯನ್ನು ತಡೆಹಿಡಿದು, ಕೊಟ್ಟಿದ್ದ ಪ್ರಮಾಣಪತ್ರಗಳನ್ನು ಹಿಂಪಡೆಯಬೇಕಾಯಿತು. ಹಗೇವಿಗೆ ಎಷ್ಟು ಭದ್ರವಾಗಿ ಮುಚ್ಚಳ ಹಾಕಿದರೂ ಇಲಿ ಬೇರೆ ಬಿಲ ಹುಡುಕುತ್ತದೆ.

ಇದೆಲ್ಲ ದೂರದ ಊರಿನ ಮಾತು ಎನ್ನುವಂತಿಲ್ಲ. 2020ರ ಮುಂಗಾರಿನಲ್ಲಿ ನಮ್ಮ ರಾಜ್ಯದ ರೈತರೇ ತಮ್ಮ ಹೊಲದ ಬೆಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬೆಳೆ ಸಮೀಕ್ಷೆಗೆ ಸಲ್ಲಿಸುವ ವ್ಯವಸ್ಥೆ ಬಂತು. ಗೌರಿಬಿದನೂರಿನ ಮುಸುಕಿನ ಜೋಳ, ಚಿಂತಾಮಣಿಯ ಟೊಮೆಟೊ, ಶಿಡ್ಲಘಟ್ಟದ ಹಿಪ್ಪುನೇರಳೆ, ಎಲ್ಲಕ್ಕೂ ಚಿತ್ರವೇ ಸಾಕ್ಷಿಯಾಗತೊಡಗಿತು. ಬೆಳೆ ಹಾನಿ ಪರಿಹಾರ, ವಿಮೆಯ ತೀರ್ಮಾನಗಳಿಗೂ ಆ ದಾಖಲೆಯ ಆಸರೆ ಬೇಕು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಕೂಲಿಕಾರರ ಹಾಜರಿಯನ್ನು ಸ್ಥಳದ ಗುರುತಿರುವ ಚಿತ್ರದ ಮೂಲಕ ದಾಖಲಿಸುವುದು ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಸಂಬಂಧವಿಲ್ಲದ ಚಿತ್ರಗಳು ಬರುತ್ತಿವೆ, ಕೆಲಸದ ಸ್ಥಳದ ಬದಲು ಹಳೆಯ ಚಿತ್ರದ ಚಿತ್ರ ತೆಗೆದು ಕಳಿಸಲಾಗುತ್ತಿದೆ ಎಂದು ಎಚ್ಚರಿಸಿತು. ಕಡತದ ಹೆಸರು ಬದಲಿಸುವ ಕಷ್ಟವೂ ಇಲ್ಲ. ಇನ್ನೊಂದು ಪರದೆಯ ಮುಂದೆ ಕ್ಯಾಮೆರಾ ಹಿಡಿದರೆ ಮುಗಿಯಿತು! ಸುಳ್ಳು ಹಾಜರಿ ಹಾಕಿದವರಿಗಿಂತ ಇದರಿಂದ ಹೆಚ್ಚು ಬೇಯುವವರು ಬಿಸಿಲಿನಲ್ಲಿ ನಿಜವಾಗಿ ಮಣ್ಣು ಹೊತ್ತವರು. ಚಿತ್ರದ ಮೇಲಿನ ನಂಬಿಕೆ ಕುಸಿದರೆ ಅವರ ಕೂಲಿಯೂ ಅನುಮಾನಕ್ಕೆ ಒಳಗಾಗುತ್ತದೆ.

ಹಾಗಾದರೆ ಚಿತ್ರವನ್ನು ನಂಬುವುದು ಹೇಗೆ? ಗೌರಿಬಿದನೂರಿನ ಬಯಲಿನಲ್ಲೇ ಇದಕ್ಕೊಂದು ಉತ್ತರವಿದೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರಲ್ಲಿ ಜಂಟಿಯಾಗಿ ರೇಡಿಯೋ ದೂರದರ್ಶಕವೊಂದನ್ನು ಸ್ಥಾಪಿಸಿದವು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹರಡಿದ ಒಂದು ಸಾವಿರ ಆಂಟೆನಾಗಳ ಸಾಲು ಅದು. ಪೂರ್ವ ಪಶ್ಚಿಮವಾಗಿ ಅದರ ಉದ್ದ ಸುಮಾರು 1.4 ಕಿಲೋಮೀಟರು. 1997ರಿಂದ ಅಲ್ಲಿ ಸೂರ್ಯನ ಚಿತ್ರ ರಚಿಸುವ ರೇಡಿಯೋ ಹೀಲಿಯೋಗ್ರಾಫ್ ಕೆಲಸ ಆರಂಭಿಸಿತು. ಇಲ್ಲಿ ಮಸೂರವಿಲ್ಲ, ಫಿಲ್ಮಿಲ್ಲ. ಆಂಟೆನಾಗಳು ಹಿಡಿದ ಅಲೆಗಳನ್ನು ಗಣಿತದಿಂದ ಹೆಣೆದು ಚಿತ್ರ ಮಾಡಲಾಗುತ್ತದೆ. ಕಟ್ಟುನಿಟ್ಟಾಗಿ ಹೇಳಿದರೆ ಯಾವ ಕ್ಯಾಮೆರಾವೂ ತೆಗೆಯದ ಚಿತ್ರ ಅದು. ಆದರೂ ಜಗತ್ತಿನ ವಿಜ್ಞಾನಿಗಳು ಅದನ್ನು ಒಪ್ಪುತ್ತಾರೆ. ಯಾವ ಆಂಟೆನಾ, ಯಾವ ಹೊತ್ತು, ಯಾವ ಲೆಕ್ಕ ಎಂಬ ಹೆಜ್ಜೆ ಹೆಜ್ಜೆಯ ದಾಖಲೆ ಇರುವುದರಿಂದ, ಬೇಕಾದವರು ಪರೀಕ್ಷಿಸಬಹುದಾದ್ದರಿಂದ ಆ ಒಪ್ಪಿಗೆ ಸಿಕ್ಕಿದೆ.

ನಮ್ಮ ಕಾನೂನು ಹಿಡಿದಿರುವ ದಾರಿಯೂ ಹೆಚ್ಚುಕಡಿಮೆ ಇದೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಮೂಲಕ ಸಾಕ್ಷ್ಯ ಕಾಯ್ದೆಗೆ 65-ಬಿ ಕಲಮು ಸೇರಿತು. ವಿದ್ಯುನ್ಮಾನ ದಾಖಲೆಯ ಪ್ರತಿಯ ಜೊತೆಗೆ ಅದು ಯಾವ ಯಂತ್ರದಿಂದ, ಹೇಗೆ ಬಂತೆಂಬ ಪ್ರಮಾಣಪತ್ರ ಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿ, 2020ರಲ್ಲಿ ಮತ್ತೆ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಶ್’ ಎಂಬ ಗಣಿತದ ಬೆರಳಚ್ಚನ್ನೂ ನಮೂದಿಸಬೇಕು. ಚಿತ್ರದ ಒಂದು ಚುಕ್ಕಿ ಬದಲಾದರೂ ಆ ಬೆರಳಚ್ಚು ಬೇರೆಯಾಗುತ್ತದೆ. ಆದರೆ ಬೆರಳಚ್ಚು ಪಡೆಯುವುದಕ್ಕೆ ಮುಂಚೆಯೇ ನಡೆದ ಮೋಸವನ್ನು ಅದು ಹಿಡಿಯಲಾರದು. ಅದಕ್ಕೆ ಮನುಷ್ಯರ ಸಾಕ್ಷ್ಯವೇ ಬೇಕು: ತೆಗೆದವರು ಯಾರು, ಎಲ್ಲಿ ನಿಂತಿದ್ದರು, ಜೊತೆಯಲ್ಲಿ ಯಾರಿದ್ದರು.

ಹೊಲದ ಬೆಳೆಯೋ, ಬಿದ್ದ ಗೋಡೆಯೋ, ಮುಖ್ಯವಾದ ಚಿತ್ರ ತೆಗೆದವರು ಕೆಲವು ಸಣ್ಣ ಕೆಲಸಗಳನ್ನು ಮರೆಯಬಾರದು. ಮೂಲ ಕಡತವನ್ನು ತಿದ್ದದೆ ಹಾಗೆಯೇ ಇಡಬೇಕು. ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಹೋದ ಪ್ರತಿಯಲ್ಲಿ ಎಕ್ಸಿಫ್ ಚೀಟಿ ಉಳಿಯುವುದಿಲ್ಲ, ಚಿತ್ರವೂ ಕುಗ್ಗುತ್ತದೆ. ಒಂದೇ ಚಿತ್ರಕ್ಕೆ ತೃಪ್ತರಾಗದೆ ಸುತ್ತಲಿನ ಮರ, ಕಂಬ, ಬದು ಕಾಣುವಂತೆ ಹಿಂದೆ ಮುಂದೆ ನಾಲ್ಕಾರು ತೆಗೆಯಬೇಕು. ಸರಣಿಯ ಸಂಖ್ಯೆಗಳೇ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ದಿನ, ಹೊತ್ತು, ಜೊತೆಗಿದ್ದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಊರಿನ ಸ್ಟುಡಿಯೋದವರು ಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಆ ಸಂಖ್ಯೆ ಇಂದಿಗೂ ಬೆಲೆ ಕಳೆದುಕೊಂಡಿಲ್ಲ. ಕ್ಯಾಮೆರಾ ಏನನ್ನಾದರೂ ತೋರಿಸಬಹುದು. ಅದು ನಡೆದದ್ದು ಹೌದೆಂದು ಹೇಳಬೇಕಾದವರು ನಾವೇ.